ಮ್ಯಾಲಕ್ಕೇರಿದ ಸೈಕಲ್ಲು

ಸಿಂಧನೂರು ಸೀಮೆಯಲ್ಲಿ ಭತ್ತದ ಕೊಯ್ಲು ಮುಗಿಯಿತೆಂದರೆ ಮನೆಯಲ್ಲಿ ಮನುಷ್ಯರಿಗೆ ಜಾಗ ಸಾಲದು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕುಡಿದ ಭತ್ತ 75 ಕೆ.ಜಿ. ಚೀಲಗಳಲ್ಲಿ ಬಂದು ಮೊದಲು ಶೆಡ್ಡು ಹಿಡಿಯುತ್ತದೆ, ಆಮೇಲೆ ಪಡಸಾಲೆ. ರೇಟು ಏರಲಿ ಎಂದು ಕಾಯುವ ಮಾವನವರಂಥವರ ಮನೆಯಲ್ಲಿ ಮಂಚದ ಕೆಳಗನ್ನೂ ಬಿಡುವುದಿಲ್ಲ.

ಈ ಸಲ ಮಾವನವರ ಕಣ್ಣು ಬಿದ್ದದ್ದು ಸೈಕಲ್ಲುಗಳ ಮೇಲೆ. ಪತ್ರಾಸ್ ಶೆಡ್ಡಿನ ಒಂದು ಬದಿಗೆ ಟ್ರ್ಯಾಕ್ಟರ್, ಇನ್ನೊಂದು ಬದಿಗೆ ಗೋಡೆಗೊರಗಿದ ನಾಲ್ಕು ಸೈಕಲ್ಲು. ಒಂದು ಅವರದೇ ಅಟ್ಲಾಸ್. ಉಳಿದ ಮೂರು ಸರ್ಕಾರದವು. ಎಂಟನೇ ತರಗತಿಗೆ ಉಚಿತ ಸೈಕಲ್ ಕೊಡುವ ಯೋಜನೆ 2006-07ರಲ್ಲಿ ಶುರುವಾದ ಮೇಲೆ ಈ ಮನೆಯ ಮೂವರು ಮಕ್ಕಳೂ ಒಬ್ಬರ ಹಿಂದೊಬ್ಬರು ಎಂಟನೇ ತರಗತಿಗೆ ಕಾಲಿಟ್ಟಿದ್ದರು. ಮಕ್ಕಳು ಈಗ ಮೋಟರ್ ಸೈಕಲ್ಲಿನವರು. ಸೈಕಲ್ಲುಗಳು ಮಾತ್ರ ತವರು ಬಿಟ್ಟು ಕದಲಿಲ್ಲ.

"ಗುಜರಿಗೆ ಹಾಕ್ರಿ ಅಂತ ಎಷ್ಟ್ ಸಲ ಹೇಳೀನಿ," ಅಂದರು ಅತ್ತೆ.

"ಅಟ್ಲಾಸ್ ಗುಜರಿಗೆ? ಸಾಹಿಬಾಬಾದಿನ ಫ್ಯಾಕ್ಟರಿ ಬಂದ್ ಆಗಿ ಹೋಗೈತಿ, ಗೊತ್ತೈತೇನು ನಿನಗ? 2020ರ ಜೂನ್ 3ಕ್ಕ. ಅವತ್ತ ವಿಶ್ವ ಸೈಕಲ್ ದಿನ ಬ್ಯಾರೆ! ಇಂಥಾ ಗಾಡಿ ಇನ್ನ ಎಲ್ಲಿ ಸಿಗತೈತಿ?"

"ಆತು, ಉಳಿದ ಮೂರಾದ್ರೂ..."

"ಅವು ಮಕ್ಕಳ ನೆನಪು."

ಹಾಗಾಗಿ ಲಿಂಗಸುಗೂರಿನಿಂದ ಅಳಿಯಂದಿರನ್ನು ಕರೆಸಲಾಯಿತು. ಅವರು ಹಟ್ಟಿ ಚಿನ್ನದ ಗಣಿಯಲ್ಲಿ ಫಿಟ್ಟರ್. ನೂರಾರು ಮೀಟರ್ ಆಳದಿಂದ ಅದಿರು ಮೇಲೆತ್ತುವ ಮಲ್ಲಪ್ಪ ಶಾಫ್ಟಿನ ಹೆಸರು ಅವರ ಮಾತಿನಲ್ಲಿ ದಿನಕ್ಕೆ ಹತ್ತು ಸಲವಾದರೂ ಬರುತ್ತದೆ. ಮಗನಿಗೆ ಹೆಣ್ಣು ಕೊಟ್ಟ ಮಸ್ಕಿಯ ಬೀಗರು ಮಾತ್ರ ಕರೆಯದೆಯೇ ಬಂದರು. ಊಟದ ಹೊತ್ತಿಗೆ ಸರಿಯಾಗಿ ಬಂದರು ಎಂಬುದು ಅತ್ತೆಯವರ ಟಿಪ್ಪಣಿ.

ಅಳಿಯಂದಿರು ಶೆಡ್ಡಿನ ನಡುವೆ ನಿಂತು ಮೇಲೆ ನೋಡಿದರು. "ಮಾವಾರ, ನೆಲ ನೋಡಿದ್ರ ಜಾಗ ಸಿಗಂಗಿಲ್ಲ. ಮ್ಯಾಲ ನೋಡ್ರಿ. ಹನ್ನೆರಡು ಫೂಟ್ ಎತ್ತರ ಐತಿ. ಅರ್ಧಕ್ಕರ್ಧ ಬರೇ ಗಾಳಿ. ಒಂದ್ ಸೈಕಲ್ ಆರ್ ಫೂಟ್ ಉದ್ದ, ಹ್ಯಾಂಡಲ್ ಹಿಡಿದು ಎರಡ್ ಫೂಟ್ ಅಗಲ. ನಾಕು ಸೇರಿ ನಲವತ್ತೆಂಟು ಚದರ ಫೂಟ್ ನೆಲಾ ತಿಂತಾವ. ತೊಲಿಗೆ ತೂಗು ಹಾಕಿದ್ರ ಮ್ಯಾಲಿಂದ ಮೂರೂವರೆ, ನಾಕ್ ಫೂಟ್ ಇಳೀತಾವ. ಅವುಗಳ ತೆಳಗ ಆರ್ ಫೂಟಿನ ಆಳು ಆರಾಮ ಅಡ್ಡಾಡಬಹುದು."

ಮಾವನವರು ಕಣ್ಣು ಮುಚ್ಚಿ ಲೆಕ್ಕ ಹಾಕಿದರು. ಮಲಗಿಸಿದ ಚೀಲಕ್ಕೆ ಸುಮಾರು ಆರು ಚದರ ಅಡಿ. ಅಂದರೆ ಒಂದು ಸಾಲಿಗೆ ಎಂಟು. ಎಂಟು ಎತ್ತರ ಒಟ್ಟಿದರೆ ಅರವತ್ನಾಲ್ಕು ಚೀಲ, ನಲವತ್ತೆಂಟು ಕ್ವಿಂಟಲ್! ಅವರ ಮುಖ ಅರಳಿತು. ಅಷ್ಟರಲ್ಲಿ ಅತ್ತೆ ಒಳಗಿನಿಂದ ಬಂದು, ಅದೇ ಗೋಡೆಯ ಮಗ್ಗುಲಿಗೆ ಮೊಳ ಹಾಕಿ ಅಳೆದು, "ಇಲ್ಲಿ ಪ್ಲಗ್ ಪಾಯಿಂಟ್ ಐತೇನ್ರಿ?" ಎಂದು ಕೇಳಿ ಹೋದರು. ಯಾರೂ ಲಕ್ಷ್ಯ ಕೊಡಲಿಲ್ಲ.

"ಇದೇನ್ ಹೊಸದಲ್ಲ ಬಿಡ್ರಿ," ಅಂದರು ಬೀಗರು. "ನಮ್ಮವ್ವ ಬೆಕ್ಕಿನ ಕಾಟಕ್ಕ ಹಾಲು ಮೊಸರಿನ ಗಡಿಗಿ ನೆಲವಿನ್ಯಾಗ ಇಟ್ಟು ಜಂತಿಗೆ ತೂಗು ಹಾಕ್ತಿದ್ಲು. ಬಿತ್ತಾಕ ಇಟ್ಟ ಜ್ವಾಳದ ತೆನಿನೂ ಮ್ಯಾಲ. ಈಗಿನವ್ರು ನೋಡ್ರಿ..." ಎಂದು ಮೊಬೈಲ್ ತೆಗೆದರು. ನೆದರ್ಲೆಂಡ್ಸಿನ ಉಟ್ರೆಕ್ಟ್ ರೈಲು ನಿಲ್ದಾಣದ ವಿಡಿಯೊ. 2019ರಲ್ಲಿ ಪೂರ್ತಿಯಾದ ಸೈಕಲ್ ನಿಲುಗಡೆ. ಎರಡೆರಡು ಅಂತಸ್ತಿನ ಸಾಲುಗಳಲ್ಲಿ 12,500 ಸೈಕಲ್ಲು.

ಮಾವನವರು ಕನ್ನಡಕ ಏರಿಸಿ ನೋಡಿದರು. "ಹನ್ನೆರಡೂವರೆ ಸಾವಿರ! ಸುಗ್ಗಿ ಬಂದ್ರ ಚೀಲ ಎಲ್ಲಿ ಇಡ್ತಾರಪ ಇವ್ರು?"

ಕೆಲಸ ಶುರುವಾಯಿತು. ಎಲ್ಲಿಗೆ ಕಟ್ಟಬೇಕು ಎಂಬಲ್ಲೇ ಮೊದಲ ಜಗಳ. ಮಾವನವರು ಪತ್ರಾಸಿಗೆ ತೂತು ಹೊಡೆದು ಹುಕ್ ಸಿಕ್ಕಿಸೋಣ ಅಂದರು. ಅಳಿಯಂದಿರು ಕಿವಿ ಮುಚ್ಚಿಕೊಂಡರು. ತಗಡು ಮಳೆ ತಡೆಯಲು ಇರುವುದು, ಭಾರ ಹೊರಲು ಅಲ್ಲ. ಮುಂಗಾರಿನ ಬಿರುಗಾಳಿಗೆ ಅದು ತನ್ನನ್ನು ತಾನೇ ಹಿಡಿದುಕೊಂಡರೆ ಸಾಕು. ಕಬ್ಬಿಣದ ತೊಲೆಗೇ ಕಟ್ಟಬೇಕು, ಅದೂ ನಟ್ಟನಡುವೆ ಬೇಡ, ಕಂಬದ ಹತ್ತಿರ. ನಡುವೆ ತೂಗಿದ ಭಾರಕ್ಕೆ ತೊಲೆ ಹೆಚ್ಚು ಬಾಗುತ್ತದೆ. ಟ್ರ್ಯಾಕ್ಟರಿನ ಸೈಲೆನ್ಸರ್ ಮೇಲಂತೂ ಬೇಡವೇ ಬೇಡ, ಹೊಗೆಗೂ ಕಾವಿಗೂ ಟೈರು ಉಳಿಯುವುದಿಲ್ಲ.

"ಹಂಗಾದ್ರ ಪಡಸಾಲ್ಯಾಗ ಸ್ಲ್ಯಾಬಿಗೆ ಗಟ್ಟಿ ಕೊಂಡಿ ಐತಲ್ಲ, ಒಂದ್ ಅಲ್ಲಿಗೆ..." ಅಂದರು ಮಾವ.

"ಅದು ತೊಟ್ಟಿಲಿಗೆ ಬಿಟ್ಟಿದ್ದು," ಒಳಗಿನಿಂದ ಅತ್ತೆಯ ದನಿ. "ಎರಡ್ ವರ್ಷದಿಂದ ಖಾಲಿನ ಐತಿ."

ಅಳಿಯಂದಿರು ತಟ್ಟನೆ ಹಗ್ಗದ ಗಂಟು ಪರೀಕ್ಷಿಸಲು ಕುಳಿತರು. ಮದುವೆಯಾಗಿ ಎರಡೇ ವರ್ಷ.

ಆಮೇಲೆ ರಾಟೆಯ ಪಾಠ. ಸೈಕಲ್ಲಿನ ತೂಕ 20 ಕೆ.ಜಿ. ಎಂದಿಟ್ಟುಕೊಂಡರೆ, ಮೇಲೆ ಒಂದೇ ರಾಟೆ ಇದ್ದಾಗ ಪೂರಾ 20 ಕೆ.ಜಿ. ಬಲ ಹಾಕಿ ಎಳೆಯಬೇಕು. ಸೈಕಲ್ಲಿನ ಜೊತೆ ಏರುವ ಇನ್ನೊಂದು ರಾಟೆ ಸೇರಿಸಿದರೆ 10 ಕೆ.ಜಿ. ಸಾಕು. ಆದರೆ ಆರು ಅಡಿ ಏರಿಸಲು ಹನ್ನೆರಡು ಅಡಿ ಹಗ್ಗ ಎಳೆಯಬೇಕು.

"ಉಳಿದ ಅರ್ಧಾ ತೂಕ ಎಲ್ಲಿ ಹೋತು?" ಮಾವನವರಿಗೆ ಸಂಶಯ.

"ತೊಲಿ ಹೊರತೈತ್ರಿ. ಅಷ್ಟ ಅಲ್ಲ, ತೆಳಗ ನೀವು ಎಳಿಯೋ ಬಲಾನೂ ತೊಲಿ ಮ್ಯಾಲನ ಬೀಳತೈತಿ. ಸೈಕಲ್ 20, ನಿಮ್ದು 10. ಎಳಿಯೋವಾಗ ತೊಲಿಗೆ ಒಟ್ಟು 30 ಕೆ.ಜಿ."

ಬೀಗರು ಎದ್ದು ನಿಂತರು. "20 ಕೆ.ಜಿ. ಮಾಲು 30 ಆಗತೈತಾ? ಅಳಿಯಂದ್ರ, ಆ ರಾಟಿ ನನಗ ಕೊಡ್ರಿ. ಅಡತಿ ಅಂಗಡ್ಯಾಗ ಕಟ್ಟಿಸ್ತೀನಿ. ಅಲ್ಲಿ ತಕ್ಕಡಿಗೆ ಹಾಕಿದ್ದು ಕಮ್ಮಿ ಆಗೋದು ನೋಡೀನಿ ಹೊರತು ಹೆಚ್ಚಾಗೋದು ನೋಡಿಲ್ಲ."

ಅಂಗಡಿಯಿಂದ ತಂದಿದ್ದ ಹುಕ್ಕುಗಳನ್ನು ಗಾಲಿಗೆ ಸಿಕ್ಕಿಸಲು ಹೋದರೆ ಹೊಸ ತಾಪತ್ರಯ. ಅಂಥವು ಬೋಳು ಗಾಲಿಯ ಸ್ಪೋರ್ಟ್ಸ್ ಸೈಕಲ್ಲಿಗೆ ಹೇಳಿ ಮಾಡಿಸಿದವು. ನಮ್ಮ ಅಟ್ಲಾಸಿಗೆ ಎರಡೂ ಗಾಲಿಗೆ ಮಡ್ಗಾರ್ಡ್, ಹಿಂದೆ ಕ್ಯಾರಿಯರ್, ಕೆಳಗೆ ಗಟ್ಟಿ ಸ್ಟ್ಯಾಂಡು, ಚೈನಿಗೆ ಕವರು. ಮದುಮಗಳ ಹಾಗೆ ಮೈತುಂಬ ಒಡವೆ. ಕೊನೆಗೆ ಹ್ಯಾಂಡಲ್ಲಿಗೊಂದು, ಕ್ಯಾರಿಯರಿಗೊಂದು ಹಗ್ಗ ಹಾಕಿ, ಹುಕ್ಕಿಗೆ ಹಳೆಯ ಟ್ಯೂಬು ಸುತ್ತಿ ಬಣ್ಣ ಕೆರೆಯದಂತೆ ಮಾಡಿದರು. ಈ ಟ್ಯೂಬಿನ ಉಪಾಯ ಬೀಗರದು. ಅವರು ಹೇಳಿದ್ದರಲ್ಲಿ ಅದೊಂದೇ ಉಪಯೋಗಕ್ಕೆ ಬಂದದ್ದು.

"ಎರಡೂ ಹಗ್ಗಾ ಒಂದಕ್ಕ ಕೂಡಿಸಿ ಎಳಿಬೇಕ್ರಿ," ಎಂದು ಅಳಿಯಂದಿರು ಹೇಳುವಷ್ಟರಲ್ಲಿ ಮುಂದಿನ ಹಗ್ಗ ಮಾವ, ಹಿಂದಿನದು ಬೀಗರು ಹಿಡಿದು ಎಳೆದಾಗಿತ್ತು. ಬೀಗರು ಬಲಶಾಲಿ. ಅಟ್ಲಾಸ್ ಮೂತಿ ಕೆಳಗೆ ಮಾಡಿ, ಬಾಲ ಮೇಲೆತ್ತಿ, ಗಂಟೆ ಬಾರಿಸುತ್ತ ಗೋಡೆಗೆ ಗುದ್ದಿತು. ಮೂಲೆಯ ಹಳೆ ಚೀಲಗಳ ರಾಶಿ ಉರುಳಿ ಅದರ ಹಿಂದೆ ಏನೋ ಹೊಳೆಯಿತು. ಔಷಧಿ ಹೊಡೆಯುವ ಹಿತ್ತಾಳೆ ಪಂಪು!

"ಅಯ್ಯ, ಇದು ಮಗ್ಗಲ ಮನ್ಯಾವ್ರು ಕದ್ದಾರಂತ ಊರೆಲ್ಲಾ ಹೇಳಿದ್ರಲ್ರಿ!" ಅಂದರು ಅತ್ತೆ.

"ಮೆಲ್ಲಕ ಮಾತಾಡು. ಅವ್ರಿಗೆ ಕೇಳಸತೈತಿ."

ಬೀಗರಿಗೆ ಇದಕ್ಕಿಂತ ಒಳ್ಳೆಯ ಸಂದರ್ಭ ಇನ್ನೆಲ್ಲಿ? "ನಮ್ಮ ಮಸ್ಕಿಯೊಳಗೂ ಹಿಂಗ ಆಗಿತ್ತು. 1915ರಾಗ ಬೀಡನ್ ಅನ್ನೋ ಎಂಜಿನಿಯರ್ ಚಿನ್ನಾ ಹುಡುಕ್ಕೋಂತ ಬಂದಿದ್ದ. ಸಿಕ್ಕಿದ್ದು ಅಶೋಕನ ಶಾಸನ. ಅಲ್ಲೀತನಕ ದೇವಾನಾಂಪ್ರಿಯ ಅಂದ್ರ ಯಾವ ರಾಜಾ ಅಂತ ಪಂಡಿತರಿಗೂ ಪಕ್ಕಾ ಇದ್ದಿಲ್ಲ. ನಮ್ಮ ಬಂಡಿ ಮ್ಯಾಲ ಅಶೋಕ ಅಂತ ಹೆಸರ ಕೆತ್ತಿತ್ತು ನೋಡ್ರಿ."

"ಬೀಗರ, ಅಶೋಕನ್ನ ಬಿಡ್ರಿ, ಹಗ್ಗಾ ಹಿಡೀರಿ."

ಸಂಜೆ ನಾಲ್ಕರ ಹೊತ್ತಿಗೆ ನಾಲ್ಕೂ ಮೇಲೆ. ಹಗ್ಗದ ತುದಿಗಳನ್ನು ಕಂಬದ ಗೂಟಕ್ಕೆ ಎಂಟರ ಆಕಾರದಲ್ಲಿ ಸುತ್ತಿ, ಗಂಟು ಬಿಗಿದು, ಕೈಜಾರಿದರೂ ಬೀಳದಿರಲೆಂದು ಒಂದೊಂದು ಸೈಕಲ್ಲಿಗೂ ತೊಲೆಗೆ ಬೇರೆ ಚೈನು ಹಾಕಿದರು. ಕೆಳಗೆ ನಲವತ್ತೆಂಟು ಚದರ ಅಡಿ ನುಣ್ಣಗಿನ ನೆಲ. ಮಾವನವರು ಹಮಾಲರಿಗೆ ಫೋನು ಹಚ್ಚಿದರು.

"ಅದನ್ನ ಇಡ್ರಿ," ಅಂದರು ಅತ್ತೆ, ಚಹಾದ ತಟ್ಟೆ ಹಿಡಿದುಕೊಂಡು ಬಂದು. "ಬುಧವಾರ ಗಿರಣಿ ಬರತೈತಿ."

"ಯಾವ ಗಿರಣಿ?"

"ಹಿಟ್ಟಿನ ಗಿರಣಿ. ಸಂಘದಾಗ ಸಾಲ ತೊಗೊಂಡೀನಿ, ಅಡ್ವಾನ್ಸೂ ಕೊಟ್ಟೀನಿ. ಖಡಕ್ ರೊಟ್ಟಿ ಮಾಡಿ ಮಾರೋರು ನಾವು ಆರ್ ಮಂದಿ ಅದೀವಿ. ಹಿಟ್ಟು ಬೀಸಾಕ ದಿನಾ ಹೊರಗ ಹೋಗಿ ಪಾಳಿ ಹಚ್ಚೋದು ಸಾಕಾಗೈತಿ. ನಿಮ್ಮ ಸೈಕಲ್ಲು ಯಾವಾಗ ಏಳ್ತಾವಂತ ಕಾಯ್ಕೋಂತ ಇದ್ದೆ."

ಮಾವನವರು ಚಹಾ ಮುಟ್ಟಲಿಲ್ಲ. "ಮತ್ತ ನನ್ನ ಚೀಲ?"

ಅತ್ತೆ ಬಾಯಲ್ಲಿ ಏನೂ ಹೇಳಲಿಲ್ಲ, ತಲೆ ಎತ್ತಿ ತೊಲೆ ನೋಡಿದರು. ಆಮೇಲೆ ಅಳಿಯಂದಿರ ಕಡೆ ತಿರುಗಿ ಬಹಳ ಮರ್ಯಾದೆಯಿಂದ ಕೇಳಿದರು: "ಮಲ್ಲಪ್ಪ ಶಾಫ್ಟಿನ್ಯಾಗ ಭಾಳ ತೂಕ ಎಳಿತೀರಂತಲ್ರಿ?"

ಅಳಿಯಂದಿರು ಮನಸ್ಸಿನಲ್ಲೇ ಗುಣಿಸಿದರು. ಚೀಲ 75, ಎಳೆಯುವ ಬಲ ಮೂವತ್ತೇಳೂವರೆ, ತೊಲೆಗೆ ನೂರಾ ಹನ್ನೆರಡೂವರೆ. ಇಂಥವು ಅರವತ್ನಾಲ್ಕು. "ಅತ್ತ್ಯಾರ, ನನಗ ಲಿಂಗಸುಗೂರು ಬಸ್ಸಿಗೆ ಹೊತ್ತಾತ್ರಿ," ಎಂದು ಚಪ್ಪಲಿ ಹುಡುಕಿದರು. ಆ ಬಸ್ಸು ಮಸ್ಕಿ ಮೇಲೆಯೇ ಹೋಗುವುದರಿಂದ ಬೀಗರೂ ಎದ್ದರು.

"ಬೀಗರ, ನಿಮ್ಮ ಶೆಡ್ಡು ಹ್ಯಾಂಗೈತಿ ಈಗ?" ಮಾವನವರ ದನಿಯಲ್ಲಿ ಹೊಸ ಪ್ರೀತಿ.

"ಖಾಲಿನ ಐತ್ರಿ. 5ಎ ಕಾಲುವಿ ನೀರು ಬರಲಿ ಅಂತ ನಮ್ಮ ಕಡಿ ಮಂದಿ ಧರಣಿ ಕುಂತು ಸಾಕಾದ್ರು. ನೀರಿಲ್ಲ, ಭತ್ತಿಲ್ಲ. ಚೀಲ ಎಲ್ಲಿಂದ ಬರಬೇಕ್ರಿ?"

ಬೀಗರು ಇಷ್ಟು ಹೇಳಿ ಅಂಗಳ ದಾಟುವಷ್ಟರಲ್ಲಿ ಹಿಂದಿನಿಂದ ಮಾವನವರು ಕೂಗಿದರು: "ಅಳಿಯಂದ್ರ, ಬಸ್ಸಿನ ಟಾಪ್ ಮ್ಯಾಲ ಎಷ್ಟ್ ಚೀಲ ಹಿಡೀತಾವಂತ ಕಂಡಕ್ಟರ್‌ಗೆ ಒಂದ್ ಮಾತು ಕೇಳ್ರಿ!"