ಸಾಧು ಬೋರ್ಡು ಸಾಕು, ಗೌಡ್ರೇ

“ಏನಮ್ಮಾ, ಈ ಹಿಮದ ಮೇಲೆ ಜಾರೋ ಹಲಗೆಗೆ ಒಂದು ಲಕ್ಷ ಆಯ್ತದಾ?” ಅಂತ ಪಕ್ಕದ ಮನೆ ಗೌಡ್ರು ಕಾಂಪೌಂಡಿನ ಆ ಕಡೆಯಿಂದ ಕೇಳಿದರು. ಅವರ ಮೊಮ್ಮಗಳು ಮಾನ್ಯತಾ ಟೆಕ್ ಪಾರ್ಕಿನಲ್ಲಿ ಕೆಲಸದಲ್ಲಿದ್ದಾಳೆ. ಗುಲ್ಮಾರ್ಗಕ್ಕೆ ಹೋಗಿ ಸ್ನೋಬೋರ್ಡಿಂಗ್ ಕಲಿತು ಬಂದವಳು ಈಗ ಸ್ವಂತದ್ದೊಂದು ಬೋರ್ಡು ಬೇಕು ಅಂತ ಕೂತಿದ್ದಾಳೆ. ಚಳಿಗಾಲ ಬಂತೆಂದರೆ ನಾನೂ ಆ ಕಡೆ ಹೊರಡುವವಳು ಅನ್ನೋದು ನಮ್ಮ ಬೀದಿಗೆಲ್ಲ ಗೊತ್ತು. ಹಾಗಾಗಿ ಪಂಚಾಯ್ತಿ ನನ್ನ ಹತ್ತಿರ ಬಂತು.

“ಬೋರ್ಡು, ಕಾಲು ಕಟ್ಟೋ ಬೈಂಡಿಂಗು, ಬೂಟು ಮೂರೂ ಹೊಸದು ಅಂದ್ರೆ ಲಕ್ಷದ ಹತ್ತಿರ ಹೋಗುತ್ತೆ ಗೌಡ್ರೇ. ಆದರೆ ಮೂರನ್ನೂ ಒಟ್ಟಿಗೆ ತಗೋಬೇಕು ಅಂತ ಏನಿಲ್ಲ. ಮೊದಲು ಬೂಟು ತಗೊಳ್ಳಲಿ.”

“ಹಲಗೆ ಇಲ್ದೆ ಬರೀ ಬೂಟು ಇಟ್ಕೊಂಡು ಏನ್ ಮಾಡ್ತಾಳೆ?”

“ಹಲಗೆ ಅಲ್ಲೇ ಬಾಡಿಗೆಗೆ ಸಿಗುತ್ತೆ. ಬೂಟೂ ಸಿಗುತ್ತೆ. ಆದರೆ ಎಷ್ಟೋ ಜನ ಹಾಕಿ ಬಿಟ್ಟ ಬೂಟಿನ ಒಳಮೆತ್ತೆ ಅಮುಕಿ ಹೋಗಿರುತ್ತೆ. ಹಿಮ್ಮಡಿ ಒಳಗೇ ಮೇಲೆದ್ದು ಇಳಿದು ಮಾಡ್ತಿದ್ರೆ ಕಾಲು ಹೇಳಿದ್ದು ಬೋರ್ಡಿಗೆ ತಲುಪೋದೇ ಇಲ್ಲ. ನೆಟ್ಟಗೆ ನಿಂತಾಗ ಬೆರಳ ತುದಿ ಮುಂದೆ ಮೆಲ್ಲಗೆ ತಾಗಬೇಕು, ಮಂಡಿ ಬಗ್ಗಿಸಿದರೆ ಹಿಂದಕ್ಕೆ ಸರೀಬೇಕು, ಹಿಮ್ಮಡಿ ಕದಲಬಾರದು. ಅಂಥ ಬೂಟು ಸಿಕ್ಕಿದರೆ ಯಾವ ಬಾಡಿಗೆ ಬೋರ್ಡೂ ಮಾತು ಕೇಳುತ್ತೆ.”

ಗೌಡ್ರಿಗೆ ಇದು ತಟ್ಟನೆ ಒಪ್ಪಿಗೆಯಾಯಿತು. ಅವರು ನಮ್ಮ ಯಲಹಂಕದ ವೀಲ್ ಅಂಡ್ ಆಕ್ಸಲ್ ಪ್ಲಾಂಟಿನಿಂದ ನಿವೃತ್ತರಾದವರು. 1984ರಲ್ಲಿ ಶುರುವಾದ ಆ ಕಾರ್ಖಾನೆಗೆ 2003ರಲ್ಲಿ ರೈಲು ಗಾಲಿ ಕಾರ್ಖಾನೆ ಅಂತ ಹೆಸರು ಬದಲಾಯಿತು. ಗೌಡ್ರ ಬಾಯಲ್ಲಿ ಮಾತ್ರ ಇವತ್ತಿಗೂ ವೀಲ್ ಅಂಡ್ ಆಕ್ಸಲ್ಲೇ. ಒಂದಕ್ಕೊಂದು ಕೂರುವ ಲೋಹದ ಜೊತೆ ಬಾಳಿದವರಿಗೆ ಸಡಿಲ ಬೂಟಿನ ತೊಂದರೆ ಬಿಡಿಸಿ ಹೇಳಬೇಕಾಗಿಲ್ಲ.

“ಜಯಮಹಲ್ ರಸ್ತೇಲಿ ಫನ್ ವರ್ಲ್ಡ್ ಹತ್ರ ಸ್ನೋ ಸಿಟಿ ಐತಲ್ಲ, ಅಲ್ಲಿ ಅಭ್ಯಾಸ ಮಾಡಿದ್ರೆ ಆಗಲ್ವಾ? ಆರ್.ಟಿ. ನಗರದಿಂದ ಒಂದು ಹೆಜ್ಜೆ.”

“ಅದು ಮಕ್ಕಳು ಹಿಮ ಮುಟ್ಟಿ, ಜಾರಿ ನಲಿಯೋ ಜಾಗ. ಬೋರ್ಡು ತಿರುಗೋಕೆ ಇಳಿಜಾರು ಉದ್ದಕ್ಕೆ ಬೇಕು. ಅದಿರಲಿ, ಅವಳಿಗೆ ಎಷ್ಟು ಬರುತ್ತೆ, ಅದು ಹೇಳಿ.”

“ವಿಡಿಯೋ ತೋರಿಸಿದ್ಲು. ಅತ್ತ ಒಂದು ಸಲ, ಇತ್ತ ಒಂದು ಸಲ ತಿರುಗಿಸ್ಕೊಂಡು ಚೆನ್ನಾಗೇ ಇಳೀತಾಳೆ. ಕಡಿದಾದ ಕಡೆ ಮಾತ್ರ ಹಲಗೆ ಅಡ್ಡ ಹಾಕಿ ಹಿಮ ಕೆರ್ಕೊಂಡು ಬರ್ತಾಳೆ.”

ಕಲಿಕೆಯ ನಡುಹಂತ ಅಂದರೆ ಇದೇ. ಹಿಮ್ಮಡಿ ಕಡೆಯ ಅಂಚು, ಬೆರಳ ಕಡೆಯ ಅಂಚು ಎರಡರ ಮೇಲೂ ತಿರುವು ಕೂಡಿಸಲು ಬರುತ್ತದೆ. ಎಲ್ಲಿ ಬೇಕೋ ಅಲ್ಲಿ ನಿಲ್ಲಲು ಬರುತ್ತದೆ. ಕಡಿದು ಕಂಡರೆ, ಹಿಮ ಒರಟಾದರೆ ಮಾತ್ರ ಧೈರ್ಯ ಕೈಕೊಡುತ್ತದೆ. ಬೋರ್ಡಿನ ಆಯ್ಕೆಯಲ್ಲಿ ಹೆಚ್ಚು ಜನ ಎಡವುವುದು ಈ ಹಂತದಲ್ಲೇ ಅಂತ ನನ್ನ ಅನಿಸಿಕೆ. ಹೊಸಬರಿಗೆ ಮೆದು ಬೋರ್ಡು ಅಂತ ಎಲ್ಲರೂ ಹೇಳುತ್ತಾರೆ, ನುರಿತವರಿಗೆ ತಮಗೇನು ಬೇಕು ಅಂತ ಗೊತ್ತಿರುತ್ತದೆ. ನಡುವಿನವರು ಮಾತ್ರ ಮುಂದೆ ಬೇಕಾದೀತು ಅಂತ ದೊಡ್ಡ ಸವಾರರ ಬಿಗಿ ಬೋರ್ಡಿಗೆ ದುಡ್ಡು ಸುರಿಯುತ್ತಾರೆ. ಬಿಗಿ ಬೋರ್ಡು ವೇಗದಲ್ಲಿ ನಡುಗದೆ ನಿಲ್ಲುತ್ತದೆ ಅನ್ನುವುದು ನಿಜವೇ. ಆದರೆ ಅದನ್ನು ಬಗ್ಗಿಸಲು ಆ ವೇಗವೂ ಬೇಕು, ತೊಡೆಯಲ್ಲಿ ಕಸುವೂ ಬೇಕು. ನಿಧಾನವಾಗಿ ಹೋದರೆ ತಿರುಗುವುದಿಲ್ಲ, ತಪ್ಪಿ ಅಂಚು ಕಚ್ಚಿದರೆ ಎತ್ತಿ ಒಗೆಯುತ್ತದೆ. ಬಿದ್ದು ಬಿದ್ದು ಹೆದರಿದ ಹುಡುಗಿ ಮುಂದಿನ ವರ್ಷ ಬೋರ್ಡನ್ನು ಅಟ್ಟಕ್ಕೇರಿಸಿಬಿಟ್ಟಾಳು ಅನ್ನೋದೇ ನನ್ನ ಚಿಂತೆ.

“ಹಂಗಾದ್ರೆ ಸಾಧು ಹಲಗೆ ನೋಡ್ಬೇಕು ಅಂತೀಯ.”

“ಸಾಧು ಬೋರ್ಡೇ ಬೇಕು ಗೌಡ್ರೇ. ಮೆತ್ತಗೆ ಜೋಲು ಬೀಳೋದಲ್ಲ, ಹದವಾಗಿ ಬಗ್ಗೋದು. ಬಿಗಿಯನ್ನ 1ರಿಂದ 10ರ ಅಳತೇಲಿ ಬರೀತಾರೆ. 5ರ ಆಸುಪಾಸು ಇದ್ದರೆ ಇವಳಿಗೆ ಸರಿ. ಆದರೆ ಒಂದು ಕಂಪನಿಯ 5 ಇನ್ನೊಂದರ 5 ಅಲ್ಲ. ನಂಬರು ನೋಡಿ ಕೈ ತೊಳ್ಕೊಳ್ಳೋ ಹಾಗಿಲ್ಲ. ತುದಿ ನೆಲಕ್ಕೂರಿ ನಡುವೆ ಅಂಗೈಯಿಂದ ಒತ್ತಿ ನೋಡಬೇಕು.”

“ಅದ್ಸರಿ, ಹ್ಯಾಂಡಲ್ ಇಲ್ಲ, ಗಾಲಿ ಇಲ್ಲ. ತಿರುಗೋದು ಹೆಂಗೆ?”

ಇದನ್ನು ಅವರಿಗೆ ಅವರ ಕಾರ್ಖಾನೆಯ ಮಾತಿನಲ್ಲೇ ಹೇಳಬಹುದಿತ್ತು. “ರೈಲು ತಿರುವಿನಲ್ಲಿ ಹೇಗೆ ತಿರುಗುತ್ತೆ, ನೀವೇ ಹೇಳಿ” ಅಂದೆ.

ಗೌಡ್ರ ಮುಖ ಅರಳಿತು. “ಗಾಲಿ ಮೈ ಸಪಾಟಾಗಿ ಇರಲ್ಲಮ್ಮ, ಓರೆ ಇರ್ತದೆ. ಇಪ್ಪತ್ತಕ್ಕೆ ಒಂದರ ಓರೆ. ತಿರುವು ಬಂದಾಗ ಜೋಡಿ ಗಾಲಿ ಹೊರಗಡೆಗೆ ಸರೀತದೆ. ಹೊರಗಿನ ಗಾಲಿ ದಪ್ಪ ಭಾಗದ ಮೇಲೆ ಉರುಳ್ತದೆ, ಒಳಗಿಂದು ಸಣ್ಣ ಭಾಗದ ಮೇಲೆ. ಎರಡೂ ಒಂದೇ ಆಕ್ಸಲ್ಲಿಗೆ ಬಿಗಿದಿರ್ತವಲ್ಲ, ಹೊರಗಿಂದು ಜಾಸ್ತಿ ದೂರ ಹೋಗಿ ತಾನಾಗೇ ತಿರುಗ್ತದೆ.”

“ಬೋರ್ಡಿನ ಗುಟ್ಟೂ ಹಾಗೇ ಆಕಾರದಲ್ಲಿದೆ. ಮೂತಿ ಅಗಲ, ಬಾಲ ಅಗಲ, ನಡು ಸಣ್ಣ. ಪಕ್ಕದ ಅಂಚು ಒಂದು ದೊಡ್ಡ ವೃತ್ತದ ತುಂಡು. ತ್ರಿಜ್ಯ ಏಳೆಂಟು ಮೀಟರು ಅಂತ ಇಟ್ಕೊಳ್ಳಿ. ಬೋರ್ಡನ್ನ ಅಂಚಿನ ಮೇಲೆ ವಾಲಿಸಿದಾಗ ಎರಡು ತುದಿ ಮಾತ್ರ ಹಿಮಕ್ಕೆ ತಾಗಿ ನಡು ಮೇಲಿರುತ್ತೆ. ಮೈಭಾರ ಬಿದ್ದಾಗ ನಡು ಬಗ್ಗಿ ಅದೂ ಹಿಮಕ್ಕಿಳಿಯುತ್ತೆ. ಆಗ ಇಡೀ ಅಂಚು ಒಂದು ಕಮಾನಾಗಿ ಆ ದಾರಿಯಲ್ಲೇ ಕೊರೆದುಕೊಂಡು ಹೋಗುತ್ತೆ. ಬಗ್ಗದ ಬೋರ್ಡು ಆ ಕಮಾನಿಗೆ ಬರೋದೇ ಇಲ್ಲ.”

“ಅದಕ್ಕೇ ಬಿಗಿ ಬೇಡ ಅಂದಿದ್ದು. ಈಗ ಗೊತ್ತಾಯ್ತು ಬಿಡು.”

ಅಷ್ಟರಲ್ಲಿ ಗೌಡ್ರ ಹೆಂಡತಿ ಹೊರಗೆ ಬಂದರು. ಅವರಿಗೆ ಇದೆಲ್ಲ ಹುಡುಗಾಟ. ಅವರ ಮಾತಿನಲ್ಲಿ ಸ್ವಲ್ಪ ಸತ್ಯವೂ ಇದೆ. ಅಮೆರಿಕದ ಮಿಷಿಗನ್‌ನಲ್ಲಿ 1965ರಲ್ಲಿ ಶರ್ಮನ್ ಪಾಪೆನ್ ಎನ್ನುವವರು ಎರಡು ಸ್ಕೀ ಜೋಡಿಸಿ ತಮ್ಮ ಹೆಣ್ಣುಮಕ್ಕಳಿಗೆ ಮಾಡಿಕೊಟ್ಟ ಆಟದ ಸಾಮಾನಿನಿಂದಲೇ ಇದು ಬೆಳೆದದ್ದು. 1977ರಲ್ಲಿ ಜೇಕ್ ಬರ್ಟನ್ ಕಾರ್ಪೆಂಟರ್ ವರ್ಮಾಂಟ್‌ನಲ್ಲಿ ಬೋರ್ಡು ಮಾಡಿ ಮಾರಲು ಹೊರಟರು, 1998ರ ನಗಾನೊ ಒಲಿಂಪಿಕ್ಸಿಗೆ ಆಟ ಬಂದೇಬಿಟ್ಟಿತು. “ನಮ್ಮ ಕೊಡಗಿನ ತೆಕ್ಕಡ ಭವಾನಿ ನಂಜುಂಡ ಗುಲ್ಮಾರ್ಗದಲ್ಲೇ ಕರ್ನಾಟಕಕ್ಕೆ ಚಿನ್ನ ಗೆದ್ದಿದ್ದಾರೆ ಆಂಟಿ. ಅವರದು ಕ್ರಾಸ್ ಕಂಟ್ರಿ ಸ್ಕೀ, ಬೇರೆ ಆಟ. ಆದರೆ ಹಿಮವೇ ಬೀಳದ ಊರಿನ ಹುಡುಗಿ ತಾನೇ?” ಅಂದೆ. ಅವರು ನಿಂತು ಕೇಳತೊಡಗಿದರು.

“ಅದೇನೋ ಫ್ರೀರೈಡ್ ಅಂತಾಳೆ. ಅದೇ ಬೇಕಂತೆ” ಅಂದರು ಗೌಡ್ರು.

ಯಂತ್ರದಿಂದ ಹದಮಾಡಿದ ಹಾದಿ ಬಿಟ್ಟು, ಬಿದ್ದ ಹಿಮ ಬಿದ್ದ ಹಾಗೇ ಇರುವ ಕಡೆ ಇಳಿಯುವುದು ಫ್ರೀರೈಡ್. ಅದಕ್ಕಾಗಿ ಮಾಡಿದ ಬೋರ್ಡಿಗೆ ಹಿಂದು ಮುಂದು ಅನ್ನುವುದು ಇರುತ್ತದೆ. ಮೂತಿ ಉದ್ದ, ಬಾಲ ಗಿಡ್ಡ. ಎಷ್ಟೋ ಬೋರ್ಡುಗಳಲ್ಲಿ ಬಾಲಕ್ಕಿಂತ ಮೂತಿ ಕೆಲವು ಮಿಲಿಮೀಟರು ಅಗಲವೂ ಇರುತ್ತದೆ. ಕಾಲಿಡುವ ಜಾಗ ನಟ್ಟನಡುವಿಗಿಂತ ಎರಡು ಮೂರು ಸೆಂಟಿಮೀಟರು ಹಿಂದೆ. ಮೊಣಕಾಲುದ್ದ ಹೊಸ ಹಿಮದಲ್ಲಿ ಬಾಲ ಸ್ವಲ್ಪ ಇಳಿದು ಮೂತಿ ತಾನಾಗಿ ಮೇಲೇಳುತ್ತದೆ. ಇಲ್ಲದಿದ್ದರೆ ಮೂತಿ ಮುಳುಗದ ಹಾಗೆ ಇಡೀ ದಿನ ಹಿಂಗಾಲಿನ ಮೇಲೆ ಭಾರ ಹಾಕಿ ಹಾಕಿ ತೊಡೆ ಹತ್ತಿ ಉರಿಯುತ್ತದೆ.

ಬೋರ್ಡನ್ನು ಗ್ರಾನೈಟ್ ನೆಲದ ಮೇಲಿಟ್ಟು ಪಕ್ಕದಿಂದ ಬಗ್ಗಿ ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ. ನಡು ನೆಲ ಬಿಟ್ಟು ಕೆಲವು ಮಿಲಿಮೀಟರು ಮೇಲೆದ್ದಿದ್ದರೆ ಅದು ಕ್ಯಾಂಬರ್. ಕಾಲೊತ್ತಿದಾಗ ಸ್ಪ್ರಿಂಗಿನ ಗುಣ ಬರುತ್ತದೆ, ಗಟ್ಟಿ ಹಿಮದಲ್ಲಿ ಅಂಚು ಹಿಡಿಯುತ್ತದೆ. ತುದಿಗಳು ಬೇಗನೆ ನೆಲ ಬಿಟ್ಟು ಮೇಲೆದ್ದಿದ್ದರೆ ರಾಕರ್. ಅದು ತೇಲುತ್ತದೆ, ಅಂಚು ಕಚ್ಚಿ ಬೀಳಿಸುವುದೂ ಕಡಿಮೆ. ಪೂರಾ ರಾಕರ್ ಆದರೆ ಗಟ್ಟಿ ಹಿಮದಲ್ಲಿ ಜಾರಿ ಜಾರಿ ನಂಬಿಕೆ ಹೋಗುತ್ತದೆ. ನಮ್ಮ ಹುಡುಗಿಗೆ ಕಾಲಿನ ಕೆಳಗೆ ಕ್ಯಾಂಬರ್, ಮೂತಿಯಲ್ಲಿ ಮಾತ್ರ ರಾಕರ್ ಇರುವ ಬೋರ್ಡು. ಬೇರೆ ವಿಷಯಗಳಲ್ಲಿ ಅವಳ ರುಚಿ ಅವಳದು, ಇದೊಂದರಲ್ಲಿ ನಾನು ಗಟ್ಟಿಯಾಗಿ ಹೇಳುವವಳೇ.

ಯಾಕೆಂದರೆ ಗುಲ್ಮಾರ್ಗದ ಬೆಟ್ಟ ಹಾಗಿದೆ. ಊರಿರುವುದು ಸುಮಾರು 2650 ಮೀಟರು ಎತ್ತರದಲ್ಲಿ. 1998ರಲ್ಲಿ ಶುರುವಾದ ಗೊಂಡೋಲ ಕೇಬಲ್ ಕಾರಿನ ಮೊದಲ ಹಂತ ಕೊಂಗ್ಡೂರಿಗೆ ಮುಟ್ಟಿಸುತ್ತದೆ. 2005ರಲ್ಲಿ ತೆರೆದ ಎರಡನೇ ಹಂತ ಅಫರ್ವತ್ ಬೆಟ್ಟದ ಹೆಗಲಿಗೆ, ಹತ್ತಿರ ಹತ್ತಿರ 3950 ಮೀಟರಿಗೆ ಒಯ್ಯುತ್ತದೆ. ಮೇಲೆ ಬಟಾಬಯಲು ಇಳಿಜಾರು, ಕೆಳಗೆ ದೇವದಾರು ಜಾತಿಯ ಮರಗಳ ಕಾಡು. ಅಲ್ಲಲ್ಲಿ ಚಪ್ಪಟೆ ಜಾಗ ಬರುತ್ತದೆ. ಸ್ಕೀ ಹಾಕಿದವರು ಕೋಲೂರಿ ದಾಟಿಬಿಡುತ್ತಾರೆ. ಬೋರ್ಡಿನವರ ಕೈಯಲ್ಲಿ ಕೋಲಿಲ್ಲ. ವೇಗ ಕಳೆದುಕೊಂಡರೆ ಒಂದು ಕಾಲು ಬಿಚ್ಚಿ ತಳ್ಳಬೇಕು. ನೆಟ್ಟಗೆ ಓಡುವ, ಮೇಣ ಹಚ್ಚಿದ ಬೋರ್ಡು ಅಲ್ಲಿ ಉಸಿರು ಉಳಿಸುತ್ತದೆ.

ಹಿಮದ ಭರವಸೆಯೂ ಈಗ ಮೊದಲಿನಂತಿಲ್ಲ. 2024ರ ಜನವರಿಯಲ್ಲಿ ಗುಲ್ಮಾರ್ಗ ಬೋಳು ಹುಲ್ಲಾಗಿತ್ತು. 2025ರಲ್ಲಿ ಫೆಬ್ರುವರಿಗೆ ನಿಗದಿಯಾಗಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟ ಹಿಮ ಸಾಲದೆ ಮಾರ್ಚಿಗೆ ಹೋಯಿತು. ಆಳ ಹಿಮಕ್ಕೆಂದೇ ಮಾಡಿದ ಮೀನುಬಾಲದ ಬೋರ್ಡು ಕೊಂಡವರು ಇಂಥ ವರ್ಷದಲ್ಲಿ ಏನು ಮಾಡಬೇಕು? ನಮ್ಮವರಿಗೆ ಸಿಗುವುದು ವರ್ಷಕ್ಕೊಂದು ವಾರದ ರಜೆ. ಆ ವಾರ ಬೆಟ್ಟ ಏನು ಕೊಡುತ್ತದೋ ಅದರಲ್ಲಿ ಇಳಿಯಬೇಕು. ಗಟ್ಟಿ ಹಿಮ, ಬೆಳಿಗ್ಗೆ ಮಂಜುಗಡ್ಡೆ, ಮಧ್ಯಾಹ್ನ ಪಾಯಸ, ಅದೃಷ್ಟವಿದ್ದರೆ ಮೂರನೇ ದಿನ ಹೊಸ ಹಿಮ. ಇದೆಲ್ಲಕ್ಕೂ ಒದಗುವುದು ಆ ಸಾಧು ಫ್ರೀರೈಡ್ ಬೋರ್ಡೇ.

“ಆದರೆ ಗೌಡ್ರೇ, ಒಂದು ಮಾತು ಅವಳಿಗೆ ನೀವೇ ಹೇಳಬೇಕು. ಬೋರ್ಡಿನ ಮೇಲೆ ಫ್ರೀರೈಡ್ ಅಂತ ಬರೆದಿದ್ದ ಮಾತ್ರಕ್ಕೆ ಎರಡನೇ ಹಂತದಿಂದ ಎಲ್ಲಿ ಬೇಕಾದರೂ ಇಳಿಯೋ ಹಾಗಿಲ್ಲ. 2024ರ ಫೆಬ್ರುವರಿಯಲ್ಲಿ ಅಲ್ಲಿ ಹಿಮ ಕುಸಿದು ಒಬ್ಬ ರಷ್ಯನ್ ಸ್ಕೀಯರ್ ತೀರಿಕೊಂಡ. ಅಲ್ಲಿನ ಗಸ್ತಿನವರು ಇಂಥ ಕಡೆ ಹೋಗಬೇಡಿ ಅಂದರೆ ಹೋಗಬಾರದು. ಸ್ಥಳೀಯ ಗೈಡ್ ಇರಬೇಕು. ಹಿಮದಡಿ ಸಿಕ್ಕವರನ್ನ ಹುಡುಕೋ ಬೀಕನ್, ಚುಚ್ಚಿ ನೋಡೋ ಉದ್ದನೆ ಕಡ್ಡಿ, ಸಲಿಕೆ ಇವು ಬೆನ್ನಿಗಿರಬೇಕು, ಬಳಸೋದೂ ಗೊತ್ತಿರಬೇಕು. ಈ ವರ್ಷ ಕೊಂಗ್ಡೂರಿಯ ಸುತ್ತಮುತ್ತ ಇಳಿದರೆ ಸಾಕು.”

ಗೌಡ್ರು ತಲೆಯಾಡಿಸಿದರು. ಅವರ ಹೆಂಡತಿ “ಅದನ್ನ ನಾನೇ ಹೇಳ್ತೀನಿ” ಅಂದರು.

“ಉದ್ದ ಎಷ್ಟಿರಬೇಕು? ಹುಡುಗಿ ಐದೂವರೆ ಅಡಿ ಅವ್ಳೆ.”

“ಎತ್ತರ ಬೇಡ, ತೂಕ ಹೇಳಿ. ಹಿಂದೆಲ್ಲ ಗದ್ದಕ್ಕೆ ಬರಬೇಕು, ಮೂಗಿಗೆ ಬರಬೇಕು ಅಂತ ಅಳೀತಿದ್ರು. ಬೋರ್ಡಿಗೆ ತಿಳಿಯೋದು ಮೇಲೆ ಬಿದ್ದ ಭಾರ ಮಾತ್ರ.”

“ಅರವತ್ತು ಕಿಲೋ ಇರಬೈದು.”

“ಹಾಗಾದರೆ 150 ಸೆಂಟಿಮೀಟರಿನ ಆಸುಪಾಸು. ಕಂಪನಿಯವರು ಪ್ರತಿ ಉದ್ದಕ್ಕೂ ತೂಕದ ಪಟ್ಟಿ ಕೊಟ್ಟಿರ್ತಾರೆ, ಅದರ ನಡುವೆ ಬರಬೇಕು. ಆಮೇಲೆ ನಡುವಿನ ಅಗಲ. ಬೂಟು ದೊಡ್ಡದು, ಬೋರ್ಡು ಸಣ್ಣದು ಆದರೆ ವಾಲಿದಾಗ ಬೂಟಿನ ತುದಿ ಹಿಮಕ್ಕೆ ತಾಗಿ ಬೀಳಿಸುತ್ತೆ. ಬೋರ್ಡು ಅತಿ ಅಗಲವಾದರೆ ಒಂದು ಅಂಚಿನಿಂದ ಇನ್ನೊಂದಕ್ಕೆ ಹೋಗೋದೇ ತಡ. ಅದಕ್ಕೇ ಮೊದಲು ಬೂಟು ಆಗಬೇಕು ಅನ್ನೋದು.”

ಹಳೆಯದು ಕೊಂಡರೆ ಹೇಗೆ ಅಂತ ಅವರೇ ಕೇಳಿದರು. ಒಳ್ಳೆಯ ಯೋಚನೆ. ಸಿಯಾಟಲ್‌ನಲ್ಲೋ ಡೆನ್ವರ್‌ನಲ್ಲೋ ಇರುವ ನೆಂಟರು ಊರಿಗೆ ಬರುವಾಗ ಸೀಸನ್ ಮುಗಿದ ಮೇಲೆ ದರ ಇಳಿಸಿದ ಬೋರ್ಡು ತಂದುಕೊಟ್ಟಾರು. ಉಕ್ಕಿನ ಅಂಚಿನ ಉದ್ದಕ್ಕೂ ಬೆರಳಾಡಿಸಿ ನೋಡಬೇಕು, ಬಿರುಕಿದ್ದರೆ ಬೇಡ. ಪದರ ಬಿಟ್ಟುಕೊಂಡು ಮರ ಕಾಣುತ್ತಿದ್ದರೆ ನೀರು ಒಳಗೆ ಹೋಗಿ ಕೆಟ್ಟಿರುತ್ತದೆ. ತಳದ ಸಣ್ಣಪುಟ್ಟ ಗೀರು ತುಂಬಿಸಬಹುದು.

“ಉಕ್ಕಿನ ಅಂಚಾ? ನಮ್ಮ ಮಳೆಗಾಲಕ್ಕೆ ತುಕ್ಕು ಹಿಡೀತದಲ್ಲ!”

“ಹಿಡಿಯುತ್ತೆ. ವಾಪಸ್ ಬಂದ ದಿನವೇ ಚೀಲದಿಂದ ತೆಗೆದು ಒರೆಸಿ ಒಣಗಿಸಬೇಕು. ತಳಕ್ಕೆ, ಅಂಚಿಗೆ ದಪ್ಪಗೆ ಮೇಣ ಕರಗಿಸಿ ಬಳಿದು, ಕೆರೆಯದೆ ಹಾಗೇ ಬಿಟ್ಟರೆ ಮುಂದಿನ ಚಳಿಗಾಲದವರೆಗೂ ಕಾಪಾಡುತ್ತೆ. ಬಿಸಿಲು ಬೀಳೋ ಟೆರೇಸಿನ ರೂಮಿನಲ್ಲಿ ಇಡಬಾರದು.”

“ಮೇಣ ಬಳಿಯೋ ಕೆಲಸ ನಂಗ್ ಬಿಡು” ಅಂದರು ಗೌಡ್ರು. “ಈಗ ಅವಳಿಗೆ ಏನಂತ ಹೇಳ್ಲಿ?”

“ಈ ಸಲ ಬೂಟು ಮಾತ್ರ ತಗೊಳ್ಳಲಿ. ಗುಲ್ಮಾರ್ಗದಲ್ಲಿ ಎರಡು ಮೂರು ಥರದ ಬೋರ್ಡು ಬಾಡಿಗೆಗೆ ತಗೊಂಡು, ಯಾವ ಬೋರ್ಡಿನಲ್ಲಿ ಸಂಜೆ ಹೊತ್ತು ಕಾಲು ಸೋತ ಮೇಲೂ ತಿರುವು ಸಲೀಸಾಗಿ ಬಂತೋ ಅದರ ಉದ್ದ, ನಡುವಿನ ಅಗಲ ಬರ್ಕೊಂಡು ಬರಲಿ. ಆಮೇಲೆ ಮೂವರೂ ಕೂತು ಕೊಳ್ಳೋದು ನೋಡೋಣ.”