ಅಡ್ವಾನ್ಸ್ ಒತ್ರಿ, ಪ್ರೊಸೀಡ್ ಕೊಡ್ರಿ

ಲಾಗಿನ್ ಆಗುವಾಗ ಕೆಂಪು ತ್ರಿಕೋನ ಕಂಡರೆ ಏನು ಮಾಡಬೇಕು ಎಂಬ ಬಗ್ಗೆ ಬಾಗಲಕೋಟೆಯ ನವನಗರದಿಂದ ಇಳಕಲ್ಲಿನ ಬಸ್ ಸ್ಟ್ಯಾಂಡಿನವರೆಗೆ ಯಾರಲ್ಲೂ ಭಿನ್ನಾಭಿಪ್ರಾಯ ಇಲ್ಲ. ಆಲಮಟ್ಟಿ ಹಿನ್ನೀರಿನ ಪರಿಹಾರದಿಂದ ಹಿಡಿದು ರೊಟ್ಟಿಗೆ ಎಣ್ಣಿಗಾಯೋ ಪುಂಡಿಪಲ್ಯೋ ಎಂಬುದರವರೆಗೆ ಎಲ್ಲಕ್ಕೂ ವಾದ ಹೂಡುವ ಜನ ಈ ಒಂದು ವಿಷಯದಲ್ಲಿ ಒಗ್ಗಟ್ಟು. ಹುನಗುಂದದ ಯಾವ ಝೆರಾಕ್ಸ್ ಅಂಗಡಿಗೆ ಹೋದರೂ ಈ ಸಂಭಾಷಣೆ ಕೇಳಬಹುದು:

“ತಮ್ಮಾ, ಇದೇನೋ ಕೆಂಪಂದು ಬಂತಲ್ಲೋ?”

“ಏನೂ ಆಗಂಗಿಲ್ಲ ಬಿಡ್ರಿ ಕಾಕಾ. ಅಡ್ವಾನ್ಸ್ ಒತ್ತೂದು, ಪ್ರೊಸೀಡ್ ಕೊಡೂದು. ದಿನಾ ಬರತೈತಿ ಅದು.”

“ಏನೋ ಬರದೈತಲ್ಲೋ, ಓದಿ ಹೇಳು.”

“ಓದಾಕ ಕುಂತ್ರ ಸರ್ವರ್ ಹೊಕ್ಕೈತ್ರಿ. ಓಟಿಪಿ ಹೇಳ್ರಿ ಜಲ್ದಿ.”

ಕಾಕಾ ಓಟಿಪಿ ಹೇಳುತ್ತಾರೆ, ಸಾಲಿನಲ್ಲಿ ಕೊನೆಗೆ ನಿಂತವನಿಗೂ ಕೇಳಿಸುವ ಹಾಗೆ, ಎರಡು ಸಲ. ಪರದೆಯ ಮೇಲೆ ಬರೆದಿದ್ದದ್ದು ಇಷ್ಟೇ: ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ. ಬ್ರೌಸರ್ ಮಾಡಿದವರು ನಮ್ಮ ಅಂಗಡಿಗಳನ್ನು ಎಂದೂ ನೋಡದೆ ಇಷ್ಟು ಖಚಿತವಾಗಿ ಬರೆದದ್ದನ್ನು ಮೆಚ್ಚಲೇಬೇಕು.

ಪಾಪ, ಬ್ರೌಸರ್ ಕೇಳುವುದಾದರೂ ಏನು? ವೆಬ್‌ಸೈಟ್ ತೋರಿಸಿದ ಸರ್ಟಿಫಿಕೇಟಿನಲ್ಲಿರುವ ಹೆಸರೂ ನೀವು ಹೊಡೆದ ವಿಳಾಸವೂ ಒಂದೇನಾ, ಅದರ ಅವಧಿ ಚಾಲ್ತಿಯಲ್ಲಿದೆಯಾ, ಸಹಿ ಹಾಕಿದವರು ನಂಬುಗಸ್ತರಾ. ಕಚೇರಿಯ ಕಿಟಕಿಯಲ್ಲಿ ಉತಾರಕ್ಕೆ ನಿಂತ ರೈತನಿಗೆ ಇದರ ನಾಲ್ಕು ಪಟ್ಟು ಪ್ರಶ್ನೆ ಕೇಳುತ್ತಾರೆ. ರೈತನ ಉತ್ತರ ಸರಿಯಿಲ್ಲದಿದ್ದರೆ ಅರ್ಜಿ ವಾಪಸ್. ವೆಬ್‌ಸೈಟಿನ ಉತ್ತರ ಸರಿಯಿಲ್ಲದಿದ್ದರೆ ಪ್ರೊಸೀಡ್.

ಎಷ್ಟೋ ಸಲ ತಪ್ಪು ವೆಬ್‌ಸೈಟಿನದ್ದೂ ಇರುವುದಿಲ್ಲ. ಕಂಪ್ಯೂಟರಿನ ಹೊಟ್ಟೆಯಲ್ಲಿ ಸಿಆರ್ 2032 ಎಂಬ ಬಿಲ್ಲೆಯಾಕಾರದ ಮೂರು ವೋಲ್ಟಿನ ಸೆಲ್ ಇರುತ್ತದೆ. ಕರೆಂಟ್ ಇಲ್ಲದಾಗ ಗಡಿಯಾರ ನಡೆಸುವುದು ಅದರ ಕೆಲಸ. ಅದು ಸತ್ತ ಮೇಲೆ ಕರೆಂಟ್ ಹೋಗಿ ಬಂದಾಗಲೆಲ್ಲ ಕಂಪ್ಯೂಟರ್ ಹದಿನೈದು ವರ್ಷ ಹಿಂದಿನ ಯಾವುದೋ ಜನವರಿ ಒಂದಕ್ಕೆ ಹೋಗಿ ಕೂರುತ್ತದೆ. ಆ ತಾರೀಕಿಗೆ ಇಳಕಲ್ ಇನ್ನೂ ತಾಲ್ಲೂಕೇ ಆಗಿರಲಿಲ್ಲ, ಹುನಗುಂದದ ಕೆಳಗಿತ್ತು. ಇವತ್ತಿನ ಸರ್ಟಿಫಿಕೇಟುಗಳು ಹುಟ್ಟೇ ಇರಲಿಲ್ಲ. ಇನ್ನೂ ಹುಟ್ಟದವನ ಸಹಿಯನ್ನು ಹೇಗೆ ನಂಬಲಿ ಎಂದು ಬ್ರೌಸರ್ ಕೇಳುವುದು ನ್ಯಾಯವೇ. ಮೂಲೆಯ ತಾರೀಕು ನೋಡಿ ಒಂದು ಸೆಲ್ ಹಾಕಿಸಿದರೆ ಮುಗಿಯಿತು. ಆದರೆ ಸೆಲ್ಲಿಗೆ ದುಡ್ಡು ಬೇಕು, ಪ್ರೊಸೀಡ್ ಪುಕ್ಕಟೆ.

ಬಾದಾಮಿಯ ಲಾಡ್ಜಿನಲ್ಲಿ ಇಳಿದ ಪ್ರವಾಸಿಯ ಕಥೆ ಬೇರೆ. ವೈಫೈ ಸಿಕ್ಕಿದೆ; ಆದರೆ ಮೊಬೈಲ್ ನಂಬರ್ ಕೊಟ್ಟು ಒಳಗೆ ಹೋಗುವವರೆಗೆ ಅದು ಎಲ್ಲ ದಾರಿಯನ್ನೂ ತನ್ನ ಬಾಗಿಲಿಗೇ ತಿರುಗಿಸುತ್ತದೆ. ಬ್ಯಾಂಕಿನ ವಿಳಾಸ ಹೊಡೆದರೆ ಲಾಡ್ಜಿನ ಪೆಟ್ಟಿಗೆ ಓಗೊಡುತ್ತದೆ, ಹೆಸರು ಹೊಂದುವುದಿಲ್ಲ, ಕೆಂಪು. ಮೊಬೈಲ್ ಡೇಟಾದಲ್ಲಿ ಅದೇ ಪುಟ ತೆರೆದರೆ ಗುಟ್ಟು ಬಯಲಾಗುತ್ತದೆ.

ಇನ್ನು ನಿಜವಾಗಿಯೂ ಅವಧಿ ಮುಗಿದದ್ದು. ಪಿಂಚಣಿದಾರ ತಾನು ಬದುಕಿದ್ದೇನೆ ಎಂದು ವರ್ಷವರ್ಷವೂ ರುಜುವಾತು ಕೊಡಬೇಕು. 2014ರಿಂದ ಅದಕ್ಕೆ ಜೀವನ್ ಪ್ರಮಾಣ್ ಎಂಬ ಡಿಜಿಟಲ್ ವ್ಯವಸ್ಥೆಯಿದೆ. ಬೆರಳಿನ ಗೆರೆ ಸವೆದಿರದಿದ್ದರೆ ನೀವು ಬದುಕಿದ್ದೀರಿ. ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷ, ಬೈಕಿನ ಹೊಗೆ ತಪಾಸಣೆಗೂ ಒಂದು ತಾರೀಕು. ಇಷ್ಟೆಲ್ಲ ಅವಧಿಯನ್ನು ಒಂದು ದಿನ ತಪ್ಪದೆ ನೆನಪಿಡುವ ಸರ್ಕಾರಿ ಯಂತ್ರಕ್ಕೆ ತನ್ನದೇ ವೆಬ್‌ಸೈಟ್ ಬದುಕಿದೆಯೋ ಇಲ್ಲವೋ ಎಂಬುದು ಮಾತ್ರ ನೆನಪಿರುವುದಿಲ್ಲ. ಫೋನ್ ಮಾಡಿದರೆ, “ಬೆಂಗಳೂರಿಗೆ ತಿಳಿಸೇವ್ರಿ, ಟೆಂಡರ್ ರಿನ್ಯೂ ಆಗಬೇಕ್ರಿ, ಅಲ್ಲೀತನಕ ಅಡ್ವಾನ್ಸ್ ಒತ್ತಿ...” ಮುಂದಿನದು ನಿಮಗೆ ಬಾಯಿಪಾಠ.

ಮರೆವು ನಮ್ಮೊಬ್ಬರ ಸೊತ್ತಲ್ಲ, ಒಪ್ಪೋಣ. 2020ರ ಫೆಬ್ರವರಿ 3ರಂದು ಮೈಕ್ರೋಸಾಫ್ಟ್ ತನ್ನ ಟೀಮ್ಸ್ ಸೇವೆಯ ಸರ್ಟಿಫಿಕೇಟ್ ನವೀಕರಿಸಲು ಮರೆತು ಗಂಟೆಗಟ್ಟಲೆ ಬಾಗಿಲು ಹಾಕಿಕೊಂಡಿತ್ತು. ಆದರೆ ಅವರು ತಪ್ಪೊಪ್ಪಿಕೊಂಡು ಅದೇ ದಿನ ಸರಿ ಮಾಡಿದರು. ನಮ್ಮವರು ತಪ್ಪನ್ನು ಹಾಗೇ ಬಿಟ್ಟು ಜನರ ಬೆರಳನ್ನು ಸರಿ ಮಾಡುತ್ತಾರೆ.

ಎಚ್ಚರಿಕೆಯ ಬರಹ ಈ ಜಿಲ್ಲೆಗೆ ಹೊಸದೂ ಅಲ್ಲ. ಬಾದಾಮಿಯ ಮೂರನೆಯ ಗುಹೆ ಆದದ್ದು ಕ್ರಿ.ಶ. 578ರಲ್ಲಿ. ಆ ಕಲ್ಮನೆಗೆ ಚಾಲುಕ್ಯರ ಮಂಗಳೇಶ ಕೊಟ್ಟ ದತ್ತಿಯ ಕನ್ನಡ ಶಾಸನ ಅಲ್ಲೇ ಇದೆ: ಇದನ್ನು ಅಳಿದವನು ಪಂಚಮಹಾಪಾತಕಿ, ಏಳನೆಯ ನರಕದ ಹುಳುವಾಗುತ್ತಾನೆ. ಕೆಳಗೆ ಅಡ್ವಾನ್ಸ್ ಬಟನ್ ಕೊರೆದಿಲ್ಲ. ಚಾಲುಕ್ಯರ ತಾಮ್ರಪಟಗಳಿಗೆ ಬಳೆ ಪೋಣಿಸಿ ವರಾಹ ಮುದ್ರೆ ಒತ್ತುತ್ತಿದ್ದರು. ಮುದ್ರೆ ನೋಡಿ ದಾನವನ್ನು ನಂಬಬೇಕು. ನಂಬಿಕೆ ಇದ್ದಲ್ಲಿ ನಕಲಿಯೂ ಇರುತ್ತದೆ. ಸುಳ್ಳು ತಾಮ್ರಪಟಗಳನ್ನು ಜಾಲಾಡುವುದಕ್ಕೇ ಶಾಸನತಜ್ಞ ಜೆ.ಎಫ್. ಫ್ಲೀಟ್ ಎಷ್ಟೋ ಪುಟ ಖರ್ಚು ಮಾಡಿದ. ಆದರೆ ಮುದ್ರೆ ಇಟ್ಟುಕೊಂಡ ಕಚೇರಿಯಿಂದಲೇ ಸುಳ್ಳು ಪಟ ಹೊರಬಿದ್ದರೆ?

ಬಿದ್ದಿದೆ. 2014ರ ಜುಲೈ 2ರಂದು, ತನ್ನ ಹೆಸರಿನಲ್ಲಿ ಅನಧಿಕೃತ ಸರ್ಟಿಫಿಕೇಟುಗಳು ಓಡಾಡುತ್ತಿರುವುದು ಗೂಗಲ್‌ನ ಕಣ್ಣಿಗೆ ಬಿತ್ತು. ಅವು ಹೊರಟದ್ದು ಯಾವುದೋ ಕಳ್ಳ ಕಂಪನಿಯಿಂದಲ್ಲ, ನಮ್ಮ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ, ಎನ್‌ಐಸಿಯಿಂದ. ಮರುದಿನವೇ, ಸಹಿಯ ಅಧಿಕಾರ ಕೊಡುವ ಸರ್ಕಾರಿ ನಿಯಂತ್ರಕರು ಎನ್‌ಐಸಿಯ ಆ ಅಧಿಕಾರ ರದ್ದು ಮಾಡಿದರು. ವಿತರಣೆಯ ವ್ಯವಸ್ಥೆಗೇ ಕನ್ನ ಬಿದ್ದಿತ್ತು, ತಪ್ಪು ಸರ್ಟಿಫಿಕೇಟು ನಾಲ್ಕೇ ಎಂದಿತು ಸರ್ಕಾರಿ ಲೆಕ್ಕ. ಆ ನಾಲ್ಕರಲ್ಲಿ ಇಲ್ಲದವೂ ನಮಗೆ ಗೊತ್ತಿವೆ ಎಂದಿತು ಗೂಗಲ್. ಭಾರತದ ಮೂಲ ಮುದ್ರೆಯನ್ನು ಬೆರಳೆಣಿಕೆಯ ವಿಳಾಸಗಳಿಗಷ್ಟೇ ನಂಬುವುದೆಂದು ಕ್ರೋಮ್ ಬೇಲಿ ಹಾಕಿತು. ಫೈರ್‌ಫಾಕ್ಸ್ ಮೊದಲಿಂದಲೂ ನಂಬಿರಲಿಲ್ಲ.

ಇಳಕಲ್ಲಿನ ಸೀರೆ ವ್ಯಾಪಾರಿಗೆ, ಗ್ರಾನೈಟ್ ಕ್ವಾರಿಯವರಿಗೆ ಈ ಕಥೆಯೆಲ್ಲ ಬೇಕಿಲ್ಲ. ಜಿಎಸ್‌ಟಿಗೆ ಡಿಜಿಟಲ್ ಸಹಿ ಹಾಕುವ ತಂತ್ರಾಂಶ ಕೈಕೊಟ್ಟಾಗ ಬಲ್ಲವರು ಹೇಳಿಕೊಟ್ಟ ಉಪಾಯ ಅವರಿಗೆ ಗೊತ್ತು: 127.0.0.1 ಎಂದು ಹೊಡಿ, ಕೆಂಪು ಬರುತ್ತದೆ, ಅಡ್ವಾನ್ಸ್ ಒತ್ತಿ ಮುಂದೆ ಹೋಗು. ಅದು ತಮ್ಮದೇ ಕಂಪ್ಯೂಟರಿನ ವಿಳಾಸ, ಅಲ್ಲಿ ಅಪಾಯ ಕಡಿಮೆ, ನಿಜ. ಆದರೆ ಬೆರಳು ವಿಳಾಸ ಓದುವುದಿಲ್ಲ. ಕೆಂಪು ಬಂದರೆ ಮುಂದೆ ಹೋಗು ಎಂಬುದಷ್ಟನ್ನೇ ಕಲಿಯುತ್ತದೆ.

ಇಷ್ಟು ಪಳಗಿದ ಜಿಲ್ಲೆ ಸಿಕ್ಕರೆ ಕಳ್ಳನಿಗೆ ಹಬ್ಬ ಎಂದುಕೊಂಡೀರಿ. ಅವನಿಗೆ ಈ ಹಬ್ಬದ ಅಗತ್ಯವೂ ಇಲ್ಲ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ 2015ರ ಕೊನೆಯಿಂದ ಕೇಳಿದವರಿಗೆಲ್ಲ ಪುಕ್ಕಟೆ ಸರ್ಟಿಫಿಕೇಟ್ ಕೊಡುತ್ತಿದೆ, ಒಳ್ಳೆಯ ಕೆಲಸವೇ. ಬ್ಯಾಂಕಿನ ಹೆಸರಿಗೆ ಒಂದಕ್ಷರ ಸೇರಿಸಿ ಸುಳ್ಳು ಸೈಟ್ ಕಟ್ಟುವವನು ಮೊದಲ ದಿನವೇ ಅದನ್ನು ಹಾಕಿಸಿ, ತೊಂಬತ್ತು ದಿನ ತುಂಬುವ ಮೊದಲೇ ನವೀಕರಿಸುತ್ತಾನೆ. ಧಂದೆಯಲ್ಲಿ ಶಿಸ್ತು ಇದೆ. ಹೀಗಾಗಿ ಸರ್ಕಾರಿ ಪುಟಕ್ಕೆ ಹೋದರೆ ಕೆಂಪು, ಕಳ್ಳನ ಪುಟಕ್ಕೆ ಹೋದರೆ ತಣ್ಣಗೆ. ಹೊಡೆದ ವಿಳಾಸಕ್ಕೇ ಮುಟ್ಟಿತು, ನಡುದಾರಿಯಲ್ಲಿ ಯಾರೂ ಒಡೆದು ಓದಲಿಲ್ಲ ಎಂಬುದಕ್ಕಷ್ಟೇ ಸರ್ಟಿಫಿಕೇಟ್ ಹೊಣೆ; ರಿಜಿಸ್ಟರ್ಡ್ ಪೋಸ್ಟ್ ಕಳ್ಳನ ಮನೆಗೂ ಭದ್ರವಾಗಿಯೇ ಮುಟ್ಟುತ್ತಿತ್ತು. ವಿಳಾಸದ ಪಕ್ಕದ ಬೀಗ ನೋಡಿ ಜನ ಮೋಸ ಹೋಗುತ್ತಿದ್ದಾರೆಂದು ಕ್ರೋಮ್ 2023ರಲ್ಲಿ ಆ ಬೀಗವನ್ನೇ ಕಿತ್ತು ಹಾಕಿತು. ಬೀಗ ನೋಡಿ ನಂಬಿ ಎನ್ನುವ ಜಾಗೃತಿ ಭಾಷಣ ಮಾತ್ರ ಇನ್ನೂ ನಿಂತಿಲ್ಲ.

ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು 1975ರಿಂದ ಜೋಳಿಗೆ ಹಿಡಿದು ಊರೂರು ತಿರುಗಿ ಜನರ ದುಶ್ಚಟಗಳನ್ನೇ ಭಿಕ್ಷೆ ಬೇಡಿದರು. ಅವರು ಹುಟ್ಟಿದ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ. ಬೀಡಿ, ಗುಟ್ಕಾ, ಸಾರಾಯಿಯ ಜೊತೆಗೆ ಪ್ರೊಸೀಡ್ ಚಟವೂ ಆ ಜೋಳಿಗೆಗೆ ಬೀಳಲಿ. ಸಾಲಿನಲ್ಲಿ ಮೊದಲು ನಿಲ್ಲಬೇಕಾದವರು ಕಚೇರಿಯವರು.

ಓದುಗರು ಮಾಡಬೇಕಾದದ್ದು ದೊಡ್ಡದೇನಲ್ಲ. ಕೆಂಪು ಬಂದರೆ ತಾರೀಕು ನೋಡ್ರಿ, ವಿಳಾಸದ ಒಂದೊಂದೇ ಅಕ್ಷರ ನೋಡ್ರಿ, ವೈಫೈ ಬಿಟ್ಟು ಇನ್ನೊಮ್ಮೆ ನೋಡ್ರಿ. ಆಗಲೂ ಕೆಂಪಿದ್ದರೆ ಪಾಸ್‌ವರ್ಡ್ ಹಾಕದೆ ಎದ್ದು ಬರ್ರಿ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಹಚ್ಚರಿ. ಕಚೇರಿಯವರಿಗೆ ಒಂದು ಸುದ್ದಿ: ಬ್ರೌಸರ್ ಕಂಪನಿಗಳೂ ಸರ್ಟಿಫಿಕೇಟ್ ಕೊಡುವವರೂ 2025ರ ಏಪ್ರಿಲ್‌ನಲ್ಲಿ ತೀರ್ಮಾನಿಸಿದಂತೆ, ಸರ್ಟಿಫಿಕೇಟಿನ ಗರಿಷ್ಠ ಆಯುಷ್ಯ 2026ರ ಮಾರ್ಚ್ 15ರಿಂದ 200 ದಿನ, ಮರುವರ್ಷ 100, 2029ರ ಮಾರ್ಚ್ 15ರಿಂದ 47. ವರ್ಷಕ್ಕೊಮ್ಮೆ ಮರೆಯುತ್ತಿದ್ದವರಿಗೆ ವರ್ಷಕ್ಕೆ ಎಂಟು ಸಲ ಮರೆಯುವ ಅವಕಾಶ. ನವೀಕರಣವನ್ನು ಈಗಲೇ ಯಂತ್ರಕ್ಕೆ ಒಪ್ಪಿಸಿಬಿಡಿ. ನಮ್ಮಲ್ಲಿ ಟೆಂಡರಿನ ಕಡತ ಒಂದು ಟೇಬಲ್ ದಾಟುವುದಕ್ಕೇ 47 ದಿನ ಸಾಲದು.