ಬೆಂಚುಮೀಮಾಂಸೆ: ಚೆನ್ನೈನ ಆನ್‌ಲೈನ್ ಪದವಿಯ ಸ್ವರೂಪ ನಿರ್ಣಯ

ಚೆನ್ನೈನಲ್ಲಿ ನೌಕರಿ ಮಾಡುತ್ತಲೇ ಆನ್‌ಲೈನ್ ಡಿಗ್ರಿ ಓದುವವರ ಬಗ್ಗೆ ಲೋಕದಲ್ಲಿ ಒಂದು ಭ್ರಾಂತಿ ಹಬ್ಬಿದೆ. ಇವರು ಲುಂಗಿ ಉಟ್ಟುಕೊಂಡು, ಫ್ಯಾನಿನ ಕೆಳಗೆ ಕಾಲು ಚಾಚಿ, ಕಾಫಿ ಹೀರುತ್ತ, ಲ್ಯಾಪ್‌ಟಾಪಿನೊಳಗಿಂದಲೇ ಪದವಿಯನ್ನು ಇಳಿಸಿಕೊಳ್ಳುತ್ತಾರೆ ಎಂಬುದು ಆ ಭ್ರಾಂತಿ. ಮದುವೆಮನೆಗಳಲ್ಲಿ ಎರಡನೇ ಪಂಕ್ತಿಗೆ ಕಾಯುತ್ತ ನಿಂತವರ ನಡುವೆ ಈ ಮತಕ್ಕೆ ವಿಶೇಷ ಮನ್ನಣೆ. ಪ್ರಸ್ತುತ ಪ್ರಬಂಧವು ಈ ಮತವನ್ನು ಖಂಡಿಸಿ, ಆನ್‌ಲೈನ್ ಪದವಿ ಎಂಬ ವಸ್ತುವೇ ಜಗತ್ತಿನಲ್ಲಿ ಇಲ್ಲವೆಂದೂ, ಇರುವ ಪದವಿಗಳೆಲ್ಲವೂ ಬೆಂಚುಜನ್ಯವೆಂದೂ, ಇದು ಕಲಿಗಾಲದ ಕೆಡುಕಲ್ಲ, ಮದರಾಸಿನ ವಿಶ್ವವಿದ್ಯಾಲಯ ಹುಟ್ಟಿದಂದಿನಿಂದ ನಡೆದುಬಂದ ಕುಲಾಚಾರವೆಂದೂ ಸಾಧಿಸಲು ಹೊರಟಿದೆ. ಪ್ರಮಾಣಗಳು ಮೂರು: ಪ್ರತ್ಯಕ್ಷ, ಅನುಮಾನ, ಶಬ್ದ. ಶಬ್ದಪ್ರಮಾಣದೊಳಗೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಅಧಿಸೂಚನೆಗಿಂತ ಹಾಲ್ ಟಿಕೆಟ್ಟಿನ ಸೂಚನೆಗಳೇ ಬಲವತ್ತರವೆಂದು ಮೊದಲೇ ತಿಳಿಸಿಬಿಡುವುದು ಒಳ್ಳೆಯದು. ಅಧಿಸೂಚನೆಯನ್ನು ಮೀರಿ ನಡೆದ ಸಂಸ್ಥೆಗಳಿವೆ. ಹಾಲ್ ಟಿಕೆಟ್ ಮೀರಿ ಒಳಗೆ ಹೋದವನಿಲ್ಲ.

ಮೊದಲು ಪ್ರತ್ಯಕ್ಷ. 2020ರ ಜೂನ್ 30ರಂದು, ದೇಶವೆಲ್ಲ ಕೋವಿಡ್‌ಗೆ ಹೆದರಿ ಕದ ಮುಚ್ಚಿಕೊಂಡಿದ್ದಾಗ, ಐಐಟಿ ಮದ್ರಾಸ್ ಪ್ರೋಗ್ರಾಮಿಂಗ್ ಮತ್ತು ಡೇಟಾ ಸೈನ್ಸ್ ವಿಷಯದಲ್ಲಿ ಆನ್‌ಲೈನ್ ಬಿಎಸ್ಸಿಯನ್ನು ಘೋಷಿಸಿತು. ಮುಂದೆ ಅದು ನಾಲ್ಕು ವರ್ಷದ ಬಿಎಸ್ ಆಗಿ ಬೆಳೆಯಿತು; 2023ರಲ್ಲಿ ಎಲೆಕ್ಟ್ರಾನಿಕ್ ಸಿಸ್ಟಮ್ಸ್‌ನ ಬಿಎಸ್ ಬಂದು ಪಕ್ಕದಲ್ಲಿ ಕೂತಿತು. ಜೆಇಇ ಬರೆಯಬೇಕಿಲ್ಲ, ವಯಸ್ಸು ಕೇಳುವುದಿಲ್ಲ, ನೌಕರಿ ಬಿಡಬೇಕಿಲ್ಲ. ನಾಲ್ಕು ವಾರ ಪಾಠ ಕೇಳಿ, ವಾರವಾರದ ಅಸೈನ್‌ಮೆಂಟ್ ಒಪ್ಪಿಸಿ, ಅರ್ಹತಾ ಪರೀಕ್ಷೆ ದಾಟಿದರೆ ಫೌಂಡೇಶನ್ ಹಂತ, ಆಮೇಲೆ ಎರಡು ಡಿಪ್ಲೊಮಾ, ಅದರಾಚೆ ಪದವಿ. ನಡುವೆ ಎಲ್ಲಿ ಸುಸ್ತಾದರೂ ಆ ಹಂತದ ಸರ್ಟಿಫಿಕೇಟ್ ಹಿಡಿದು ಇಳಿದುಹೋಗಬಹುದು. ಇದರಲ್ಲಿ ಪಾಠವೂ ಅಸೈನ್‌ಮೆಂಟೂ ಮನೆಯಲ್ಲೇ ನಡೆಯುತ್ತವೆ ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅರ್ಹತಾ ಪರೀಕ್ಷೆಗೂ ಕ್ವಿಜ್ಜಿಗೂ ಟರ್ಮ್ ಕೊನೆಯ ಪರೀಕ್ಷೆಗೂ ಗುರುತಿನ ಚೀಟಿ ಹಿಡಿದು, ಗೊತ್ತುಮಾಡಿದ ಕೇಂದ್ರಕ್ಕೆ, ಭಾನುವಾರ, ಖುದ್ದಾಗಿ ಹೋಗಬೇಕು. ಸೋಮವಾರದಿಂದ ಶುಕ್ರವಾರದವರೆಗೆ ಶೋಲಿಂಗನಲ್ಲೂರಿನ ಗಾಜಿನ ಕಟ್ಟಡದೊಳಗೆ ತಿರುಗುಕುರ್ಚಿಯಲ್ಲಿ ಕೂತು ಇತರರ ಅಪ್ರೈಸಲ್ ಬರೆದ ಟೀಮ್ ಲೀಡ್ ಮಹಾಶಯ, ಭಾನುವಾರ ನಸುಕಿಗೆ ಎದ್ದು, ಊರಾಚೆಯ ಯಾವುದೋ ಕೇಂದ್ರದ ಗೇಟಿನಲ್ಲಿ ಜೇಬು ತಡಕಿಸಿಕೊಂಡು, ವಾಚು ಬಿಚ್ಚಿಟ್ಟು, ತನಗಿಂತ ಹತ್ತು ವರ್ಷ ಚಿಕ್ಕವನಾದ ಇನ್ವಿಜಿಲೇಟರನ್ನು ‘ಸಾರ್, ರಫ್ ಶೀಟ್’ ಎಂದು ಬೇಡುತ್ತಾನೆ. ಇದಕ್ಕಿಂತ ಪ್ರತ್ಯಕ್ಷವಾದದ್ದು ಇನ್ನೇನಿದೆ?

ಇಲ್ಲಿ ಬೆಂಚಿನ ಲಕ್ಷಣವನ್ನು ಹೇಳದಿದ್ದರೆ ತಾರ್ಕಿಕರು ಬಿಡುವುದಿಲ್ಲ. ನಾಲ್ಕು ಕಾಲಿನ ಮರದ ಆಸನವೇ ಬೆಂಚು ಎಂದರೆ ಅವ್ಯಾಪ್ತಿದೋಷ: ಈಗಿನ ಕೇಂದ್ರಗಳಲ್ಲಿ ಕಂಪ್ಯೂಟರಿನ ಮುಂದೆ ಪ್ಲಾಸ್ಟಿಕ್ ಕುರ್ಚಿ ಇರುತ್ತದೆ, ಅದು ಬಿಟ್ಟುಹೋಗುತ್ತದೆ. ಎದ್ದುಹೋಗಲು ಆಗದಂತೆ ಕೂರಿಸುವ ಆಸನವೇ ಬೆಂಚು ಎಂದರೆ ಅತಿವ್ಯಾಪ್ತಿ: ಕ್ಷೌರದಂಗಡಿಯೂ ಹಲ್ಲಿನ ಡಾಕ್ಟರೂ ಒಳಗೆ ನುಗ್ಗುತ್ತಾರೆ. ಆದ್ದರಿಂದ ನಿರ್ದುಷ್ಟ ಲಕ್ಷಣ ಹೀಗೆ: ತಾನು ಆರಿಸದ ಜಾಗದಲ್ಲಿ, ತಾನು ಆರಿಸದ ಹೊತ್ತಿನಲ್ಲಿ, ಅಪರಿಚಿತನೊಬ್ಬ ಕಣ್ಣಿಟ್ಟು ಕಾಯುತ್ತಿರುವಾಗ, ಅಂಕಕ್ಕಾಗಿ ಕೂರುವ ಆಸನವೇ ಬೆಂಚು. ಕ್ಷೌರಿಕನೂ ಕಣ್ಣಿಟ್ಟೇ ಇರುತ್ತಾನೆ, ಅಂಕ ಕೊಡುವುದಿಲ್ಲ.

ಈಗ ಇತಿಹಾಸಕ್ಕೆ ಬರೋಣ. ನಮ್ಮ ವಾದದ ಬುನಾದಿ ಇರುವುದು ಅಲ್ಲೇ. ಲಂಡನ್ ವಿಶ್ವವಿದ್ಯಾಲಯ 1836ರಲ್ಲಿ ಸನ್ನದು ಪಡೆದಾಗ ಅದಕ್ಕೆ ಪಾಠ ಹೇಳುವ ಹೊಣೆಯೇ ಇರಲಿಲ್ಲ. ಬೇರೆಯವರು ಕಲಿಸಿದ್ದನ್ನು ಪರೀಕ್ಷಿಸಿ ಪದವಿ ಕೊಡುವುದಷ್ಟೇ ಅದರ ಕೆಲಸ. ಕಾಲೇಜಿನ ಮೆಟ್ಟಿಲು ಹತ್ತದವರೂ ತನ್ನ ಪರೀಕ್ಷೆಗೆ ಕೂರಬಹುದೆಂದು 1858ರಲ್ಲಿ ಅದು ಬಾಗಿಲು ತೆರೆದದ್ದನ್ನೇ ದೂರಶಿಕ್ಷಣದ ಆರಂಭವೆಂದು ಕೆಲವು ಪಂಡಿತರು ಎಣಿಸುತ್ತಾರೆ. ಅದೇ ಲಂಡನ್ನಿನ ಅಚ್ಚಿನಲ್ಲಿ ಎರಕ ಹೊಯ್ದದ್ದು 1857ರ ಮದರಾಸು ವಿಶ್ವವಿದ್ಯಾಲಯ. ಪಾಠವೇನಿದ್ದರೂ ಕಾಲೇಜುಗಳದ್ದು, ವಿಶ್ವವಿದ್ಯಾಲಯದ್ದು ಪ್ರಶ್ನೆಪತ್ರಿಕೆ, ಪಟ್ಟಿ, ಪದವಿ. ಬೇಕಿದ್ದರೆ ನೀವೇ ಪಾಠವನ್ನೂ ಹೇಳಬಹುದು ಎಂದು ಭಾರತದ ವಿಶ್ವವಿದ್ಯಾಲಯಗಳಿಗೆ ಕಾನೂನು ಅನುಮತಿ ಕೊಟ್ಟದ್ದು 1904ರಲ್ಲಿ. ಅಲ್ಲಿಯವರೆಗೆ ಸುಮಾರು ಅರ್ಧ ಶತಮಾನ ಮದರಾಸು ವಿಶ್ವವಿದ್ಯಾಲಯ ಯಾರಿಗೂ ಏನನ್ನೂ ಕಲಿಸದೆ ಘನತೆಯಿಂದ ಬಾಳಿತು. ಸಾಕ್ಷಿ ಬೇಕಾದವರು ಮರೀನಾ ಕಡಲತೀರದ ಸೆನೆಟ್ ಹೌಸನ್ನು ನೋಡಿಬರಬಹುದು. ರಾಬರ್ಟ್ ಚಿಸೋಮ್ ವಿನ್ಯಾಸ ಮಾಡಿ, 1879ರಲ್ಲಿ ಮುಗಿಸಿದ ಆ ಕಟ್ಟಡದಲ್ಲಿ ಗುಮ್ಮಟವಿದೆ, ಬಣ್ಣದ ಗಾಜಿದೆ, ಭಾರಿ ಸಭಾಂಗಣವಿದೆ. ತರಗತಿಯೊಂದನ್ನು ಕಟ್ಟಬೇಕೆಂದು ಮಾತ್ರ ಯಾರಿಗೂ ಹೊಳೆದಿರಲಿಲ್ಲ. ನಮ್ಮವರ ಮಟ್ಟಿಗಂತೂ ಇದು ಮನೆಯ ಕಥೆ. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟುವ ತನಕ ಬೆಂಗಳೂರಿನ ಸೆಂಟ್ರಲ್ ಕಾಲೇಜೂ ಮೈಸೂರಿನ ಮಹಾರಾಜಾ ಕಾಲೇಜೂ ಮದರಾಸಿಗೇ ಸೇರಿದ್ದವು. 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಮಾಡಿದ ಎಂ. ವಿಶ್ವೇಶ್ವರಯ್ಯನವರ ಪದವಿ ಬಂದದ್ದು ಮುನ್ನೂರು ಚಿಲ್ಲರೆ ಕಿಲೋಮೀಟರ್ ಆಚೆಯಿಂದ. ಅದನ್ನು ದೂರಶಿಕ್ಷಣವೆಂದು ಯಾರೂ ಮೂಗು ಮುರಿದದ್ದಿಲ್ಲ. ಆ ಕಾಲದಲ್ಲಿ ‘ಬಿ.ಎ. ಫೇಲ್’ ಎಂಬುದೂ ಹೆಸರಿನ ಬಾಲದಲ್ಲಿ ಹಾಕಿಕೊಳ್ಳಬಹುದಾದ ಬಿರುದಾಗಿತ್ತು ಎಂಬ ಮಾತು ಇಂದಿಗೂ ಪ್ರಚಾರದಲ್ಲಿದೆ. ನಮ್ಮ ಸಿದ್ಧಾಂತ ಬಿಟ್ಟರೆ ಬೇರಾವುದರಿಂದಲೂ ಇದನ್ನು ವಿವರಿಸಲಾಗದು: ಫೇಲಾದವನಿಗೆ ವಿದ್ಯೆ ಇತ್ತೋ ಇಲ್ಲವೋ, ಬೆಂಚಿನ ಮೇಲೆ ಕೂತದ್ದಂತೂ ನಿಜ.

ಹಾಗಾದರೆ ಪಾಠಕ್ಕೆ ಏನು ಗತಿ? ಇಲ್ಲಿ ಪೂರ್ವಮೀಮಾಂಸಕರು ನೆರವಿಗೆ ಬರುತ್ತಾರೆ. ವೇದವಾಕ್ಯಗಳನ್ನು ಅವರು ವಿಧಿ, ಅರ್ಥವಾದ ಎಂದು ಬೇರ್ಪಡಿಸಿದರು. ಮಾಡು ಎಂದು ಆಜ್ಞಾಪಿಸುವುದು ವಿಧಿ. ಮಾಡುವವನಿಗೆ ಹುಮ್ಮಸ್ಸು ಬರಲೆಂದು ಹೊಗಳುವುದು, ಕಥೆ ಹೇಳುವುದು ಅರ್ಥವಾದ. ವಿಡಿಯೋ ಪಾಠ ಶುದ್ಧ ಅರ್ಥವಾದ. ಬೀಚ್‌–ತಾಂಬರಂ ಲೋಕಲ್ ರೈಲಿನಲ್ಲಿ ಕಂಬಿ ಹಿಡಿದು ನಿಂತವನು ಅದನ್ನು ಒಂದೂವರೆ ವೇಗದಲ್ಲಿ ಕೇಳುತ್ತಾನೆ, ಸೈದಾಪೇಟೆಯಲ್ಲಿ ತಳ್ಳಾಟ ಶುರುವಾದಾಗ ಎರಡರ ವೇಗಕ್ಕೆ ಏರಿಸುತ್ತಾನೆ, ಮಾಂಬಲಂ ಬರುವಷ್ಟರಲ್ಲಿ ನಿಲ್ಲಿಸಿಬಿಡುತ್ತಾನೆ. ಯಾವ ದೋಷವೂ ತಟ್ಟುವುದಿಲ್ಲ. ‘ಭಾನುವಾರ ರಾತ್ರಿಯೊಳಗೆ ಒಪ್ಪಿಸು’ ಎಂಬ ಸಾಲು ಮಾತ್ರ ವಿಧಿ. ಅದನ್ನು ಎರಡರ ವೇಗದಲ್ಲಿ ಓಡಿಸಲು ಬರುವುದಿಲ್ಲ. ಪಾಠದ ವಾಹನ ಎಷ್ಟು ಸಲ ಬದಲಾಯಿತು ನೋಡಿ. ದೆಹಲಿ ವಿಶ್ವವಿದ್ಯಾಲಯ 1962ರಲ್ಲಿ ಅಂಚೆಯಲ್ಲಿ ಪಾಠ ಕಳಿಸಲು ತೊಡಗಿತು. ಮೈಸೂರು 1969ರಲ್ಲಿ ಅದೇ ಹಾದಿ ಹಿಡಿಯಿತು, ಆ ಸಂಸ್ಥೆಯೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ಮದರಾಸಿನ ಅಂಚೆ ಶಿಕ್ಷಣ ಸಂಸ್ಥೆ 1981ರದ್ದು. 1984ರಲ್ಲಿ ಯುಜಿಸಿ ದೂರದರ್ಶನದಲ್ಲೇ ತರಗತಿ ನಡೆಸಿತು. 1985ರಲ್ಲಿ ಇಗ್ನೋ, 2002ರಲ್ಲಿ ತಮಿಳುನಾಡು ಮುಕ್ತ ವಿಶ್ವವಿದ್ಯಾಲಯ, 2017ರಲ್ಲಿ ಸ್ವಯಂ ಎಂಬ ಆನ್‌ಲೈನ್ ವೇದಿಕೆ. ಲಕೋಟೆ ಹೋಯಿತು, ಕ್ಯಾಸೆಟ್ ಹೋಯಿತು, ಟೀವಿ ಹೋಯಿತು, ಸಿ.ಡಿ. ಬಂದದ್ದೂ ಹೋದದ್ದೂ ಗೊತ್ತಾಗಲಿಲ್ಲ. ಹೋಗದೆ ಉಳಿದದ್ದು ಒಂದೇ, ಬೆಂಚು. ಎಲ್ಲವೂ ಬದಲಾದಾಗ ಬದಲಾಗದೆ ಉಳಿಯುವುದೇ ವಸ್ತುವಿನ ಸ್ವರೂಪ ಎಂಬುದು ಹಲವು ದರ್ಶನಗಳು ಒಪ್ಪುವ ಮಾತು. ಇದು ನಮ್ಮ ಅನುಮಾನಪ್ರಮಾಣ.

ಇಷ್ಟಕ್ಕೆ ಪೂರ್ವಪಕ್ಷಿ ತನ್ನ ಬ್ರಹ್ಮಾಸ್ತ್ರ ಹೂಡುತ್ತಾನೆ: ‘ಶ್ರೀನಿವಾಸ ರಾಮಾನುಜನ್?’ ಬೆಂಚಿನ ಮೇಲೆ ಕೂತು ಎಫ್.ಎ. ಪರೀಕ್ಷೆಯಲ್ಲಿ ಒಂದಲ್ಲ ಎರಡು ಸಲ ಫೇಲಾದ ಮನುಷ್ಯ. ಗಣಿತ ಬಿಟ್ಟು ಬೇರೆ ವಿಷಯಗಳ ಕಡೆ ತಿರುಗಿಯೂ ನೋಡಲಿಲ್ಲ. 1912ರಲ್ಲಿ ಮದರಾಸು ಪೋರ್ಟ್ ಟ್ರಸ್ಟಿನಲ್ಲಿ ತಿಂಗಳಿಗೆ 30 ರೂಪಾಯಿಯ ಗುಮಾಸ್ತೆ. 1913ರ ಜನವರಿಯಲ್ಲಿ ಕೇಂಬ್ರಿಜ್ಜಿನ ಗಣಿತಜ್ಞ ಹಾರ್ಡಿಯವರಿಗೆ ಪ್ರಮೇಯಗಳನ್ನು ತುಂಬಿ ಕಾಗದ ಬರೆದ. ನೌಕರಿಯಲ್ಲಿದ್ದುಕೊಂಡೇ ಅಂಚೆ ಮೂಲಕ ವಿದ್ಯಾವ್ಯವಹಾರ ನಡೆಸಿದ ಈ ವಯಸ್ಕ ವಿದ್ಯಾರ್ಥಿ 1916ರಲ್ಲಿ, 28ರ ವಯಸ್ಸಿನಲ್ಲಿ, ಪರೀಕ್ಷೆಯನ್ನೇ ಬರೆಯದೆ ಸಂಶೋಧನೆಯ ಬಲದಿಂದ ಕೇಂಬ್ರಿಜ್ಜಿನ ಬಿ.ಎ. ಪಡೆದ. ಬೆಂಚಿಲ್ಲದೆ ಪದವಿ ಬಂದಿತಲ್ಲ! ಆಕ್ಷೇಪ ಗಟ್ಟಿಯಾದದ್ದೇ, ಉತ್ತರ ಎರಡು ಭಾಗದಲ್ಲಿದೆ. ಒಂದನೆಯದು, ಬೆಂಚು ಪ್ರತಿಭೆಯನ್ನು ಅಳೆಯುತ್ತದೆಂದು ನಾವು ಎಲ್ಲಿಯೂ ಹೇಳಿಲ್ಲ. ತನಗೆ ಬೇಡದ ಶರೀರಶಾಸ್ತ್ರದ ಪತ್ರಿಕೆಯನ್ನೂ ಮನುಷ್ಯ ಕೂತು ಬರೆಯುತ್ತಾನೋ ಇಲ್ಲವೋ ಎಂಬುದಷ್ಟೇ ಅದರ ಅಳತೆ. ರಾಮಾನುಜನ್ ಬರೆಯಲಿಲ್ಲ, ಬೆಂಚು ಸರಿಯಾಗಿಯೇ ವರದಿ ಮಾಡಿತು. ಕಚೇರಿಗಳು ಪದವೀಧರರನ್ನು ಹುಡುಕುವುದೂ ಈ ಗುಣಕ್ಕಾಗಿಯೇ ಎಂದು ಮೆಲ್ಲಗೆ ಸೂಚಿಸಬಹುದು. ಎರಡನೆಯದು, ಪರೀಕ್ಷೆಗೆ ವಿನಾಯಿತಿ ಕೊಟ್ಟ ಕೇಂಬ್ರಿಜ್ ವಾಸಕ್ಕೆ ಕೊಡಲಿಲ್ಲ. ಗೊತ್ತುಪಡಿಸಿದಷ್ಟು ಟರ್ಮ್‌ಗಳ ಕಾಲ ಅಲ್ಲೇ ಇರಬೇಕಿತ್ತು. ಸಸ್ಯಾಹಾರಿಯಾದ ಆತ ಮಹಾಯುದ್ಧದ ನಡುವೆ, ಆ ಚಳಿಯಲ್ಲಿ ಇದ್ದ. ಕಾಗದದಲ್ಲಿ ಹಾರ್ಡಿಯ ಸ್ನೇಹ ಬಂತು, ಪದವಿ ಬರಲಿಲ್ಲ. ಮದರಾಸಿನದು ಮೂರು ಗಂಟೆಯ ಬೆಂಚು, ಕೇಂಬ್ರಿಜ್ಜಿನದು ಎರಡು ವರ್ಷದ್ದು, ಪ್ರಮಾಣದಲ್ಲಷ್ಟೇ ವ್ಯತ್ಯಾಸ.

ಮುಂದಿನ ಆಕ್ಷೇಪ ಆಧುನಿಕವಾದದ್ದು. ಕೋವಿಡ್ ಕಾಲದಲ್ಲಿ ಜನ ಮನೆಯಲ್ಲೇ ಪರೀಕ್ಷೆ ಬರೆದು, ಉತ್ತರಪತ್ರಿಕೆಯ ಫೋಟೊ ತೆಗೆದು ಅಪ್‌ಲೋಡ್ ಮಾಡಲಿಲ್ಲವೆ? ಮಾಡಿದರು. ಆದರೆ ಫಲಿತಾಂಶ ಬಂದ ಮೇಲೆ ಏನಾಯಿತೆಂದು ನೆನಪಿಸಿಕೊಳ್ಳಬೇಕು. ಎಲ್ಲರೂ ಪಾಸಾದರು, ಯಾರೂ ನಂಬಲಿಲ್ಲ. ಆ ವರ್ಷಗಳ ಅಂಕಪಟ್ಟಿಯನ್ನು ಕಂಡ ನೇಮಕಾತಿಯವರ ಮುಖದಲ್ಲಿ ಮೂಡುವ ಕಿರುನಗೆಯೇ ಬೆಂಚಿನ ಅಭಾವಕ್ಕೆ ಪ್ರಮಾಣ. ಮನೆಯ ಕೋಣೆಯಲ್ಲಿ ಕ್ಯಾಮೆರಾ ಕಾಯುವ ವಿಧಾನವನ್ನೂ ಪ್ರಯೋಗಿಸಿ ನೋಡಲಾಯಿತು. ಅಭ್ಯರ್ಥಿ ಕಿಟಕಿಯತ್ತ ನೋಡಿದರೆ ಅನುಮಾನ, ತುಟಿ ಅಲ್ಲಾಡಿದರೆ ಎಚ್ಚರಿಕೆ, ಹಿಂದಿನಿಂದ ಅತ್ತೆಯವರು ಹಾಲಿನ ಪಾತ್ರೆ ಕೇಳುತ್ತ ಬಂದರೆ ಅಪರಿಚಿತ ವ್ಯಕ್ತಿಯ ಪ್ರವೇಶ. ಸಂಸಾರಸ್ಥನಿಗೆ ಇದಕ್ಕಿಂತ ಊರಾಚೆಯ ಕೇಂದ್ರವೇ ಸುಖ. ಇನ್ನು ಈಚೆಗೆ ವಾರದ ಅಸೈನ್‌ಮೆಂಟನ್ನು ಯಂತ್ರವೇ ಬರೆದುಕೊಡುತ್ತದೆ, ಹಾಗಾಗಿ ಪದವಿಗೆ ಬೆಲೆಯಿಲ್ಲ ಎನ್ನುವವರಿದ್ದಾರೆ. ಅವರು ತಿಳಿಯದೆಯೇ ನಮ್ಮ ಪಕ್ಷಕ್ಕೆ ಸೇರಿದವರು. ಯಂತ್ರ ಎಲ್ಲವನ್ನೂ ಬರೆಯಬಲ್ಲದು. ಭಾನುವಾರ ಬೆಳಿಗ್ಗೆ ಗೇಟಿನ ಮುಂದೆ ಕ್ಯೂ ನಿಲ್ಲಲಾರದು.

ಗೆಳೆತನ, ಹಾಸ್ಟೆಲ್ಲು, ಕ್ಯಾಂಟೀನು ಇಲ್ಲದ ಪದವಿ ಎಂಥದ್ದು ಎಂಬ ಆಕ್ಷೇಪಕ್ಕೆ ಹೆಚ್ಚು ಜಾಗ ಬೇಕಿಲ್ಲ. ಐಐಟಿಯ ಬಿಎಸ್ ವಿದ್ಯಾರ್ಥಿಗಳನ್ನು ಕಾಡುಗಳ ಹೆಸರಿನ ಹೌಸ್‌ಗಳಲ್ಲಿ ಹಂಚಿದ್ದಾರೆ. ಅದರಲ್ಲಿ ಬಂಡೀಪುರವೂ ಒಂದು. ಹುಲಿಯನ್ನು ಯಾರೂ ಕಂಡಿಲ್ಲ, ಸಹಪಾಠಿಯನ್ನೂ ಕಂಡಿಲ್ಲ. ಇಬ್ಬರೂ ಇದ್ದಾರೆಂದು ನಂಬಲಾಗಿದೆ.

ಕೊನೆಯ ಪ್ರಶ್ನೆ ಫಲದ್ದು. ಇಂದು ಮಾಡಿದ ಯಾಗಕ್ಕೆ ಸತ್ತ ಮೇಲೆ ಸ್ವರ್ಗ ಸಿಗುವುದು ಹೇಗೆ ಎಂಬ ತೊಡಕನ್ನು ಮೀಮಾಂಸಕರು ‘ಅಪೂರ್ವ’ ಎಂಬ ಕಾಣದ ಶಕ್ತಿಯನ್ನು ಒಪ್ಪಿ ಬಿಡಿಸಿದರು. ಕರ್ಮ ಮುಗಿದರೂ ಫಲ ಸಿಗುವ ತನಕ ಅದು ಕರ್ತನಿಗೆ ಅಂಟಿಕೊಂಡಿರುತ್ತದಂತೆ. ಬಡ್ತಿಗಾಗಿ ಪದವಿ ಓದಿದ ನೌಕರನ ಸ್ಥಿತಿಯನ್ನು ಇದಕ್ಕಿಂತ ಚೆನ್ನಾಗಿ ಯಾವ ಎಚ್‌ಆರ್ ವಿಭಾಗವೂ ವಿವರಿಸಿಲ್ಲ. ಉಳಿದ ಶಬ್ದಪ್ರಮಾಣವೂ ಇಲ್ಲೇ ಇದೆ: ಮಾನ್ಯತೆ ಪಡೆದ ಸಂಸ್ಥೆಗಳ ದೂರಶಿಕ್ಷಣದ, ಆನ್‌ಲೈನ್ ಪದವಿಗಳು ಸಾಂಪ್ರದಾಯಿಕ ಪದವಿಗಳಿಗೆ ಸಮಾನವೆಂದು ಯುಜಿಸಿ 2022ರ ಸೆಪ್ಟೆಂಬರಿನಲ್ಲಿ ಸಾರಿತು. ಸಾರಬೇಕಾಗಿ ಬಂತು ಎಂಬುದನ್ನು ಗಮನಿಸಿ. ಸೂರ್ಯ ಮೂಡುತ್ತಾನೆಂದು ಯಾರೂ ಅಧಿಸೂಚನೆ ಹೊರಡಿಸುವುದಿಲ್ಲ. ತ್ಯಾಗರಾಯನಗರದ ಕನ್ನಡದ ಮನೆಗಳಲ್ಲಿ ಆ ಅಧಿಸೂಚನೆ ಇನ್ನೂ ಜಾರಿಗೆ ಬಂದಿಲ್ಲ. ‘ಕಾಲೇಜಿಗೆ ಹೋಗದೇನೇ ಬಂದ ಡಿಗ್ರೀನಾ?’ ಎಂದು ಕೇಳುವ ಚಿಕ್ಕಮ್ಮಂದಿರಿಗೆ ಯುಜಿಸಿಯ ಅಧಿಕಾರವ್ಯಾಪ್ತಿ ಮುಟ್ಟುವುದಿಲ್ಲ. ಅವರಿಗೆ ಕೊಡಬೇಕಾದ ಉತ್ತರ ಬೆಂಚೊಂದೇ: ‘ಹೌದು ಚಿಕ್ಕಮ್ಮ, ಆದರೆ ಪರೀಕ್ಷೆಗೆ ಹೋಗಿದ್ದೆ.’ ಇದನ್ನು ಕೇಳಿದ ಕೂಡಲೇ ಅವರ ಮುಖದ ಗಂಟು ಸಡಿಲವಾಗುವುದನ್ನು ಯಾರು ಬೇಕಾದರೂ ಗಮನಿಸಬಹುದು. ತಮಿಳುನಾಡು ಸರ್ಕಾರದ ನಿಲುವೂ ಚಿಕ್ಕಮ್ಮನದ್ದೇ. ಹತ್ತನೆಯದು, ಹನ್ನೆರಡನೆಯದು ಪಾಸಾಗದೆ ನೇರವಾಗಿ ಮುಕ್ತ ವಿಶ್ವವಿದ್ಯಾಲಯಕ್ಕೆ ಹಾರಿ ಪಡೆದ ಪದವಿಯನ್ನು ಅದು ಸರ್ಕಾರಿ ನೌಕರಿಗೆ ಒಪ್ಪುವುದಿಲ್ಲ. ಬೆಂಚು ಇದ್ದರಷ್ಟೇ ಸಾಲದು, ಬೆಂಚುಗಳನ್ನು ಕ್ರಮವಾಗಿ ಏರಿ ಬಂದಿರಬೇಕು.

ಇದೆಲ್ಲ ಕ್ರೌರ್ಯವಲ್ಲವೇ, ವಾರವೆಲ್ಲ ದುಡಿದವನ ಭಾನುವಾರವನ್ನೂ ಕಿತ್ತುಕೊಳ್ಳಬೇಕೇ ಎಂದು ಮೃದುಹೃದಯದವರು ಕೇಳಬಹುದು. ಕ್ರೌರ್ಯ ಹೌದು. ಆದರೆ ಹಗಲು ಕಾಲೇಜಿಗೆ ಹೋಗಲು ಹದಿನೆಂಟರಲ್ಲಿ ಮನೆಯ ಸ್ಥಿತಿ ಬಿಡದಿದ್ದ ಮನುಷ್ಯನಿಗೆ ಈ ಊರು ತೆರೆದಿಟ್ಟಿರುವ ಬಾಗಿಲುಗಳಲ್ಲಿ ಇದೊಂದು, ಮತ್ತು ಈ ಬಾಗಿಲಲ್ಲಿ ಅವನ ಹಾಲ್ ಟಿಕೆಟ್, ಗುರುತಿನ ಚೀಟಿ ಬಿಟ್ಟು ಬೇರೇನನ್ನೂ ಕೇಳುವುದಿಲ್ಲ. ಅಪ್ಪನ ಕೆಲಸವನ್ನು ಕೇಳುವುದಿಲ್ಲ, ತಲೆಯ ನರೆಯನ್ನು ನೋಡುವುದಿಲ್ಲ. ಹೀಗಾಗಿ ಬೆಂಚನ್ನು ತೆಗೆದುಹಾಕಬೇಕೆಂಬ ಪಕ್ಷ ಬಿದ್ದುಹೋಯಿತು, ಬೆಂಚಿಗೆ ಬೆನ್ನೊರಗು ಹಾಕಿಸಬೇಕೆಂಬ ಪಕ್ಷವನ್ನು ಸಿದ್ಧಾಂತಿ ಮನಸಾರೆ ಅನುಮೋದಿಸುತ್ತಾನೆ. ಶಾಸ್ತ್ರಗ್ರಂಥಗಳ ಕೊನೆಯಲ್ಲಿ ಫಲಶ್ರುತಿ ಹೇಳುವ ಪದ್ಧತಿಯಿದೆ. ಐಐಟಿ ಮದ್ರಾಸಿನ ಬಿಎಸ್ ಪದವಿಗೆ 142 ಕ್ರೆಡಿಟ್ ಬೇಕು. ಈ ಪ್ರಬಂಧವನ್ನು ಕೊನೆಯವರೆಗೆ ಓದಿದವರಿಗೆ ಅದರಲ್ಲಿ ಒಂದೂ ಸಿಗುವುದಿಲ್ಲ.